ನಾಗಪ್ಪನೋ ಬಾಗಪ್ಪನೋ: ನಮ್ಮ ಭಾಗದಲ್ಲಿ ಮನೆತನದ ಬೇರು ಹುಡುಕುವುದು

ಎಲ್ಲರಿಗೂ ಶರಣು.

ಭಾನುವಾರ ಮಧ್ಯಾಹ್ನ, ಅದೂ ಕಲಬುರಗಿ ಬಿಸಿಲಿನಲ್ಲಿ, ತೀರಿಹೋದವರ ಹೆಸರು ಹುಡುಕಲು ಇಷ್ಟು ಜನ ಬಂದಿದ್ದೀರಿ. ಎರಡೇ ಫ್ಯಾನು ತಿರುಗುತ್ತಿವೆ. ಹಿರಿಯರು ಈ ಕಡೆ ಬಂದು ಕೂತರೆ ಒಳ್ಳೆಯದು.

ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರೂ ಇಲ್ಲ. ತಿಂಗಳಿಗೊಮ್ಮೆ ಸೇರುತ್ತೇವೆ. ಅವರವರ ಮನೆಯ ಹಳೇ ಕಾಗದ ತರುತ್ತಾರೆ, ಎಲ್ಲರೂ ಕೂತು ಓದುತ್ತೇವೆ, ಚಹಾ ಕುಡಿದು ಎದ್ದು ಹೋಗುತ್ತೇವೆ. ಮೈಸೂರು ಕಡೆಯ ಗೆಳೆಯರೊಬ್ಬರು ಕೇಳಿದರು: "ವಂಶವೃಕ್ಷ ಬರೆಯೋಕೆ ಗುಂಪು ಯಾಕ್ರೀ? ಮನೇಲಿ ಕೂತು ಬರೀಬಹುದಲ್ವಾ?" ಅವರ ಊರಲ್ಲಿ ಬರೀಬಹುದೇನೋ. ನಮ್ಮಲ್ಲಿ ಆಗುವುದಿಲ್ಲ. ಯಾಕೆ ಅಂತ ನಮ್ಮ ಮನೆಯ ಟ್ರಂಕಿನಿಂದಲೇ ಹೇಳುತ್ತೇನೆ.

ಮುತ್ಯಾ, ಅಂದರೆ ನಮ್ಮ ಅಜ್ಜ, ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಕೆಳಗಿಳಿಸಿದೆವು. ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದದ್ದರಲ್ಲಿ ಒಂದು ಕಾಗದ ಉರ್ದು, ಒಂದು ಮೋಡಿ, ಒಂದು ಕನ್ನಡ, ಇನ್ನೊಂದರಲ್ಲಿ ತೆಲುಗು ಸಹಿ. ಒಂದೇ ಮನೆ, ನಾಲ್ಕು ಲಿಪಿ! ನಿಜಾಮರ ಸರ್ಕಾರದಲ್ಲಿ 1880ರ ದಶಕದವರೆಗೆ ಕಚೇರಿ ಭಾಷೆ ಫಾರ್ಸಿ, ಆಮೇಲೆ ಉರ್ದು. ಬೀದರ, ಆಳಂದ ಕಡೆಯ ಕುಲಕರ್ಣಿಗಳ ದಫ್ತರದಲ್ಲಿ ಮರಾಠಿಯ ಮೋಡಿ. ಮನೆಯ ಲೆಕ್ಕ ಮಾತ್ರ ಕನ್ನಡ. ಇವೆಲ್ಲವನ್ನೂ ಓದಬಲ್ಲ ಒಬ್ಬ ಮನುಷ್ಯ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಈ ಮೇಜಿನ ಸುತ್ತ ಉರ್ದು ಶಾಲೆಯ ನಿವೃತ್ತ ಮಾಸ್ತರು ಒಬ್ಬರಿದ್ದಾರೆ. ಮೋಡಿ ಕಲಿತ ಬ್ಯಾಂಕಿನವರೊಬ್ಬರಿದ್ದಾರೆ. ಸೇಡಂ ಕಡೆಯ ಅಕ್ಕನವರಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ನಾಲ್ಕೂ ಜನ ಕೂತರೆ ಒಂದು ಮನೆತನ ಓದಬಹುದು.

ಒಬ್ಬನೇ ಓದಲು ಹೋಗಿ ನಾನು ಬಿದ್ದ ಗುಂಡಿಯ ಕಥೆ ಕೇಳಿ. ಅರ್ಧಮರ್ಧ ಉರ್ದು ಕಲಿತಿದ್ದೆ. ಮುತ್ಯಾನ ಅಪ್ಪ ನಾಗಪ್ಪ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೊಲದ ಕಾಗದದಲ್ಲಿ ನನಗೆ ಕಂಡದ್ದು ಬಾಗಪ್ಪ. ಸರಿ, ಯಾರಿಗೂ ಗೊತ್ತಿಲ್ಲದ ಒಬ್ಬ ಅಣ್ಣ ಸಿಕ್ಕ ಅಂತ ಖುಷಿಯಾಗಿ ವಂಶಾವಳಿಯಲ್ಲಿ ಅವನಿಗೊಂದು ಕೊಂಬೆ ಹಾಕಿದೆ. ಎರಡು ವರ್ಷ ಅವನ ಹೆಂಡತಿ-ಮಕ್ಕಳನ್ನು ಹುಡುಕಿದೆ. ಕೊನೆಗೆ ಕಾಗದವನ್ನು ಇಲ್ಲಿಗೆ ತಂದಾಗ ಮಾಸ್ತರು ಕನ್ನಡಕ ಹಣೆಗೆ ಏರಿಸಿ ನಕ್ಕರು. ಉರ್ದುವಿನಲ್ಲಿ ಪದದ ಮೊದಲಿಗೆ ಬರುವ 'ಬ' ಮತ್ತು 'ನ' ಒಂದೇ ಹಲ್ಲು. ಚುಕ್ಕಿ ಕೆಳಗಿದ್ದರೆ ಬ, ಮೇಲಿದ್ದರೆ ನ. ಕಚೇರಿಯ ಗುಮಾಸ್ತರು ಅವಸರದ ಶಿಕಸ್ತಾ ಬರವಣಿಗೆಯಲ್ಲಿ ಚುಕ್ಕಿಯನ್ನೇ ಇಡುತ್ತಿರಲಿಲ್ಲ, ಇಟ್ಟರೂ ಎಲ್ಲೋ ಇಡುತ್ತಿದ್ದರು. ನಾನು ಚುಕ್ಕಿ ಅಂದುಕೊಂಡದ್ದು ಕೆಳಗಿನ ಸಾಲಿನ ಮಸಿ. ಬಾಗಪ್ಪ ಹುಟ್ಟಿಯೇ ಇರಲಿಲ್ಲ. ಇಲ್ಲದ ಮನುಷ್ಯನಿಗಾಗಿ ಎರಡು ವರ್ಷ! ಅವತ್ತಿಂದ ನಮ್ಮ ಗುಂಪಿನಲ್ಲಿ ಓದು ತಪ್ಪಿದರೆ "ಬಾಗಪ್ಪ ಆಯ್ತು" ಅನ್ನುತ್ತೇವೆ.

ಇಸವಿಯದೂ ಇಂಥದ್ದೇ ಗೋಳು. ನಮ್ಮ ಹಳೇ ಕಾಗದಗಳಲ್ಲಿ ಇರುವುದು ಫಸಲಿ ಸನ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸರಿ. ಹೈದರಾಬಾದಿನ ಫಸಲಿ ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ, ಆಜುರ್ ತಿಂಗಳಿಂದ. ನಮ್ಮ ಟ್ರಂಕಿನ ರಸೀದಿಯಲ್ಲಿ ಇರುವುದು ಖುರ್ದಾದ್, 1341 ಫಸಲಿ. ಆಜುರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬೆಹಿಷ್ತ್, ಖುರ್ದಾದ್. ಬೆರಳು ಮಡಚಿ ಎಣಿಸಿ, ಏಳನೆಯದು. ಅಂದರೆ ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆದ್ದರಿಂದ 591 ಕೂಡಿಸಬೇಕು. 1932. ಒಂದು ವರ್ಷ ಆಚೀಚೆ ಆದರೆ ಏನು ಮಹಾ ಅನ್ನಬೇಡಿ. ಮಗ ಹುಟ್ಟುವ ಮೊದಲೇ ಅಪ್ಪ ಹೊಲ ಮಾರಿದನೋ, ಆಮೇಲೋ ಅನ್ನುವುದು ಆ ಒಂದು ವರ್ಷದಲ್ಲೇ ಇರುತ್ತದೆ.

ಕಾಗದದಲ್ಲಿ 'ವಲದ್' ಅಂತಿದ್ದರೆ ಮಗ, 'ಜೌಜೆ' ಅಂತಿದ್ದರೆ ಹೆಂಡತಿ. ಈಗಲೂ ನಮ್ಮ ಕಡೆ ಕೋರ್ಟಿನ ಕಾಗದದಲ್ಲಿ 'ಮಲ್ಲಪ್ಪ ತಂದೆ ಸಿದ್ದಪ್ಪ' ಅಂತ ಬರೆಯುತ್ತಾರಲ್ಲ, ಅದೇ ಜಾಡು. ಇನ್ನು ಅಡ್ಡಹೆಸರು. ಒಬ್ಬ ಹುಡುಗ ನನಗೆ ಹೇಳಿದ, ನಮ್ಮ ಹಿರಿಯರು ಹೂವಿನ ತೋಟ ಮಾಡುತ್ತಿದ್ದರು ಸರ್, ಅದಕ್ಕೇ ನಾವು ಮಾಲಿಪಾಟೀಲರು ಅಂತ. ಅಲ್ಲಪ್ಪಾ. 'ಮಾಲ್' ಅಂದರೆ ಕಂದಾಯ. ಊರಲ್ಲಿ ಕಂದಾಯ ವಸೂಲಿಗೆ ಒಬ್ಬ ಪಾಟೀಲ, ಅವನು ಮಾಲಿಪಾಟೀಲ. ಕಳ್ಳಕಾಕರ ತಂಟೆ ನೋಡಲು ಇನ್ನೊಬ್ಬ, ಅವನು ಪೊಲೀಸ್‌ಪಾಟೀಲ. ತಳವಾರ, ವಾಲೀಕಾರ ಕೂಡ ಊರ ಚಾಕರಿಯ ಹೆಸರುಗಳೇ. ಹೀಗಾಗಿ ಅಡ್ಡಹೆಸರು ಒಂದೇ ಅಂದಕೂಡಲೇ ಬೀಗರು, ಭಾವಂದಿರು ಅಂತ ಗಂಟು ಹಾಕಬೇಡಿ. ಹಾಗೆಯೇ ಒಬ್ಬ ತಾಯಿಯ ಇಬ್ಬರು ಮಕ್ಕಳಿಗೆ ಎರಡು ಅಡ್ಡಹೆಸರೂ ಇರುತ್ತವೆ. ಶಾಲೆಗೆ ಸೇರಿಸುವಾಗ ಮಾಸ್ತರು ಏನು ಬರೆದರೋ ಅದೇ ಗಟ್ಟಿಯಾಯಿತು. ಜನ್ಮದಿನವೂ ಅಷ್ಟೇ. ಈ ಕೋಣೆಯಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ, ಕೈ ಎತ್ತಿ ನೋಡೋಣ? ನೋಡಿದಿರಾ!

ಸರ್ಕಾರದ ದಾಖಲೆ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ತಹಸೀಲಿನ ರೆಕಾರ್ಡ್ ರೂಮಿನಲ್ಲಿ 1954-55ರ ಖಾಸ್ರಾ ಪಹಣಿ ಕೇಳಿ. ಅದರಲ್ಲಿ ಪಟ್ಟೇದಾರನ ಹೆಸರಿನ ಜೊತೆಗೆ, ಹೊಲ ನಿಜವಾಗಿ ಯಾರ ಕಬ್ಜೆಯಲ್ಲಿತ್ತು ಅನ್ನುವುದೂ ಇರುತ್ತದೆ. 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ಮಾಡಿದ ರಕ್ಷಿತ ಗೇಣಿದಾರರ ಪಟ್ಟಿ ಇನ್ನೂ ಒಳ್ಳೆಯದು. ಸ್ವಂತ ಹೊಲ ಇಲ್ಲದೆ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದವರ ಹೆಸರು ಕಾಗದಕ್ಕೆ ಬಂದದ್ದು ಎಷ್ಟೋ ಸಲ ಅಲ್ಲೇ. ಜಾಗೀರು, ಇನಾಮು ಇದ್ದ ಮನೆತನವಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಷಾಜಹಾನ್, ಔರಂಗಜೇಬರ ಕಾಲದ ಕಾಗದವೂ ಇದೆ. ಆದರೆ ಮೊದಲ ದಿನವೇ ಅಲ್ಲಿಗೆ ಓಡಬೇಡಿ. ಮುತ್ಯಾನ ಹೆಸರು ಸರಿಯಾಗಿ ಗೊತ್ತಿಲ್ಲದವರು ಔರಂಗಜೇಬನ ಕಾಲಕ್ಕೆ ಹೋಗಿ ಮಾಡುವುದೇನು?

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಇದೆಯಲ್ಲ, ಅದು ಬೇರೆ. ಅದು ವಾಟ್ನಿಗೆ, ಅಂದರೆ ಆಸ್ತಿ ಪಾಲಿಗೆ, ಮತ್ತೆ ಬ್ಯಾಂಕಿಗೆ. ಈಗೀಗ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರಕ್ಕೆ ಅಪ್ಪನ ಶಾಲೆ ದಾಖಲೆ ಹುಡುಕುತ್ತಾ ಹೋಗಿ, ಹಾಗೇ ಈ ಹುಚ್ಚು ಹಿಡಿಸಿಕೊಂಡು ಇಲ್ಲಿಗೆ ಬಂದ ಹುಡುಗರೂ ಇದ್ದಾರೆ. ಬರಲಿ.

ಗಡಿಯ ಮಾತೊಂದು ಹೇಳಲೇಬೇಕು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಗ ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ಜನ ಎದ್ದು ಎಲ್ಲಿಗೂ ಹೋಗಲಿಲ್ಲ, ದಫ್ತರು ಹೋಯಿತು. ಭಾಲ್ಕಿಯ ಮನೆಯವರು ಆಯಿಯ, ಅಂದರೆ ಅಜ್ಜಿಯ, ತವರಿನ ಕಾಗದಕ್ಕೆ ಈಗ ಲಾತೂರಿಗೆ ಹೋಗಬೇಕು. ಅದಕ್ಕೂ ಮುಂಚೆ, 1948ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಸೋಲಾಪುರ ಕಡೆ ಓಡಿದವರು ಟ್ರಂಕು ಹೊತ್ತುಕೊಂಡು ಓಡಲಿಲ್ಲ. "ನಮ್ಮಲ್ಲಿ ಏನೂ ಉಳಿದಿಲ್ಲ" ಅನ್ನುವ ಮನೆಗಳಲ್ಲಿ ಕೆದಕಿ ಕೇಳಿದರೆ ಎಷ್ಟೋ ಸಲ ಈ ಕಥೆ ಹೊರಬರುತ್ತದೆ.

ಕಾಗದ ಇಲ್ಲದವರಿಗೆ ನಾನು ಹೇಳುವುದು ಒಂದೇ, ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರನ್ನು ಕೇಳಿ. ಊರ ಕಡೆ ಬೆಳೆದವರು ನೋಡಿರುತ್ತೀರಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಗಂಟೆ ಬಾರಿಸುತ್ತಾ ಬರುತ್ತಾರೆ. ಅಂಗಳದಲ್ಲಿ ನಿಂತು ಮೊದಲು ಬೆಡಗು, ಅಂದರೆ ಕುಲದ ಕವಲು, ಹೇಳುತ್ತಾರೆ. ಆಮೇಲೆ ಮೂಲ ಊರು, ಅಲ್ಲಿಂದ ಯಾಕೆ ಎದ್ದು ಬಂದಿರಿ, ಯಾರಿಗೆ ಎಷ್ಟು ಮಕ್ಕಳು. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಬರೆದುಕೊಂಡು, ಜೋಳವೋ ರೊಕ್ಕವೋ ಬಟ್ಟೆಯೋ ತೆಗೆದುಕೊಂಡು ಹೋಗುತ್ತಾರೆ.

ಒಂದು ಸಲ ನಾನೇ ಎದುರಿಗಿದ್ದೆ. ನಮ್ಮ ದೊಡ್ಡಪ್ಪನ ಅಂಗಳ. ಹೆಳವಜ್ಜ ಕಣ್ಣು ಅರ್ಧ ಮುಚ್ಚಿ, ಉಸಿರು ಬಿಡದೆ ಒಂಬತ್ತು ತಲೆ ಹೇಳಿದ. ನಡುವೆ ಒಂದು ಹೆಸರು ಬಿಟ್ಟ ಅಂತ ನನಗೆ ಅನಿಸಿತು. "ಅಜ್ಜಾ, ಒಬ್ಬರು ಬಿಟ್ಟೋದ್ರಲ್ಲ?" ಅಂದೆ. ಆತ ಕಣ್ಣು ಬಿಟ್ಟು ನನ್ನನ್ನೇ ನೋಡಿ, "ಬಿಟ್ಟಿಲ್ಲಪ್ಪಾ. ಆ ಮಗ ದತ್ತಕ ಹೋದ. ಅವನ ಹೆಸರು ಆ ಮನಿ ಅಂಗಳದಾಗ ಹೇಳ್ತೀನಿ, ಇಲ್ಲಿ ಅಲ್ಲ" ಅಂದ. ದೊಡ್ಡಪ್ಪನಿಗೇ ಆ ವಿಷಯ ಗೊತ್ತಿರಲಿಲ್ಲ.

ಹಾಗಂತ ಹೆಳವರು ಹೇಳಿದ್ದೆಲ್ಲ ಕಲ್ಲ ಮೇಲಿನ ಬರಹ ಅಂತ ನಾನು ಹೇಳುವುದಿಲ್ಲ. ಕವಲು, ದತ್ತಕ, ಊರು ಬಿಟ್ಟ ಕಾರಣ, ಇವುಗಳಲ್ಲಿ ಅವರನ್ನು ನಂಬುತ್ತೇನೆ. ಇಸವಿಯಲ್ಲಿ ನಂಬುವುದಿಲ್ಲ. ಮೊದಲ ಪುರುಷ ರಾಜನ ಬಲಗೈ ಬಂಟನಾಗಿದ್ದ ಅನ್ನುವುದನ್ನು ಕೇಳಿ, ಕಾಣಿಕೆ ಕೊಟ್ಟು, ಸುಮ್ನೆ ಇರುತ್ತೇನೆ. ಮತ್ತೆ, ಅವರು ಸಾಮಾನ್ಯವಾಗಿ ಗಂಡುಮಕ್ಕಳನ್ನೇ ಎಣಿಸುತ್ತಾರೆ.

ಮುಸ್ಲಿಂ ಮನೆತನದವರು ಖಾಜಿಗಳ ಬಳಿ ಇರುವ ಮದುವೆ ದಾಖಲೆ, ನಿಕಾಹ್ ಸಿಯಾಹಾ, ನೋಡಿ. ವಧು-ವರರ ತಂದೆ, ಸಾಕ್ಷಿಗಳು, ಮೆಹರ್ ಎಲ್ಲ ಇರುತ್ತದೆ. ಸೂಫಿ ಪೀರರ ವಂಶದ ಪೀರಜಾದೆ ಮನೆಗಳಲ್ಲಿ ಶಜರಾ, ಅಂದರೆ ಹಿರಿಯರ ಹೆಸರಿನ ಸಾಲು, ಇರುತ್ತದೆ. ಅದು ರಕ್ತದ ಸಾಲೋ ಗುರು-ಶಿಷ್ಯರ ಸಾಲೋ ಅಂತ ಮೊದಲು ಕೇಳಿಕೊಳ್ಳಿ, ಎರಡೂ ಶಜರಾವೇ. ಬೀದರ ಕಡೆಯ ಮೆಥಡಿಸ್ಟ್ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್. ತ್ರ್ಯಂಬಕೇಶ್ವರಕ್ಕೆ ಪಿತೃಕಾರ್ಯಕ್ಕೆ ಹೋದವರಿದ್ದರೆ ಅಲ್ಲಿನ ಪುರೋಹಿತರ ನಾಮಾವಳಿ ಪುಸ್ತಕದಲ್ಲಿ ನಿಮ್ಮ ಮುತ್ಯಾನ ಸಹಿಯೇ ಸಿಕ್ಕರೂ ಸಿಕ್ಕೀತು.

ಇಷ್ಟೆಲ್ಲ ಹುಡುಕಿದರೂ ಹೆಣ್ಣುಮಕ್ಕಳು ಸಿಗುವುದಿಲ್ಲ. ಪಹಣಿಯಲ್ಲಿ ಇಲ್ಲ, ಹೆಳವರ ಬಾಯಲ್ಲಿ ಇಲ್ಲ. ಗಂಡ ಸತ್ತು ಹೊಲ ಅವಳ ಹೆಸರಿಗೆ ಬಂದರೆ ಮಾತ್ರ ಕಾಗದದಲ್ಲಿ ಕಾಣುತ್ತಾಳೆ. ಅವರನ್ನು ಹುಡುಕಲು ಅಡುಗೆಮನೆಗೆ ಹೋಗಬೇಕು. ತವರಿಂದ ಬಂದ ಕೊಡ, ಪರಾತ, ತಂಬಿಗೆ ತಿರುಗಿಸಿ ನೋಡಿ. ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದಿರುತ್ತಾರೆ. ಕೊಟ್ಟ ಸೋದರಮಾವನ ಹೆಸರು, ಊರು, ಕೆಲವೊಮ್ಮೆ ತಾರೀಖು. ಹಳೇ ಕಾಲದ ಆಯಂದಿರ ಮುಂಗೈ ಹಚ್ಚೆಯಲ್ಲಿ ಒಡಹುಟ್ಟಿದವರ ಹೆಸರು ಸಿಕ್ಕದ್ದುಂಟು. ಬದುಕಿರುವ ಆಯಿಯ ಎದುರು ಫೋನ್ ರೆಕಾರ್ಡಿಂಗ್ ಹಾಕಿ ಕೂತುಬಿಡಿ. ಇಸವಿ ಕೇಳಬೇಡಿ, ಗೊತ್ತಿರುವುದಿಲ್ಲ. "ಎಪ್ಪತ್ತೆರಡರ ಬರದಾಗ ನಿನ್ನ ಕೂಸು ಎಷ್ಟ ದೊಡ್ಡದಿತ್ತ ಆಯಿ?" ಅಂತ ಕೇಳಿ. ಕೈ ಎತ್ತಿ ಎತ್ತರ ತೋರಿಸುತ್ತಾಳೆ.

ನಮ್ಮಲ್ಲಿ ಎರಡೇ ನಿಯಮ. ವಾಟ್ನಿ ಜಗಳ ಇಲ್ಲಿಗೆ ತರಬಾರದು. ಬದುಕಿರುವವರ ವಿವರ ವಾಟ್ಸಾಪ್‌ನಲ್ಲಿ ಹಾಕಬಾರದು. ಹಾಂ, ಮತ್ತೆ ದಯವಿಟ್ಟು ಹಳೇ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಫೋಟೋ ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿಡಿ ಸಾಕು.

ಕೊನೆಗೆ ನನ್ನದೇ ಒಂದು ಕೆಲಸ ಉಳಿದಿದೆ. ಆ ನಾಗಪ್ಪನ ಹೆಂಡತಿ, ಅಂದರೆ ನಮ್ಮ ಮುತ್ಯಾನ ತಾಯಿ, ಯಾವ ಕಾಗದದಲ್ಲೂ ಇಲ್ಲ. ಅವಳದು ಅಂತ ಉಳಿದಿರುವುದು ಈ ಹಿತ್ತಾಳೆ ತಂಬಿಗೆ ಒಂದೇ. ಕೈಯಿಂದ ಕೈಗೆ ದಾಟಿಸಿ, ನೋಡಿ. ಮೂರು ತಲೆಮಾರು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಾರೆ. ಮೊದಲ ಅಕ್ಷರಗಳು ಅಳಿಸಿವೆ. ಕೊನೆಯ 'ಬಾಯಿ' ಕಾಣುತ್ತದೆ. ಅದರ ಕೆಳಗೆ 'ಕೊಡಂಗಲ'. ಅಕ್ಷರ ಕನ್ನಡದ್ದೋ ತೆಲುಗಿನದ್ದೋ ಅಂತ ಇನ್ನೂ ಜಗಳ ನಡೆದಿದೆ. ಇಲ್ಲಿ ಯಾರದಾದರೂ ಬೀಗತನ ಕೊಡಂಗಲ್ ಕಡೆ ಇದ್ದರೆ, ಚಹಾ ಬಂತು, ಆ ಕಿಟಕಿ ಹತ್ತಿರ ನಿಂತಿರುತ್ತೇನೆ.