ಕರೆಂಟ್ ಕೊಡೋಕೆ ಮುಂಚೆ ಒಂದು ಅಳತೆ

ಕೇಳುಗರಿಗೆ ನಮಸ್ಕಾರ.

ಫಿಸಿಯೋಥೆರಪಿ ಅಂದ ಕೂಡಲೇ ನಮ್ಮ ಮೈಸೂರು, ಮಂಡ್ಯದ ಕಡೆ ಜನಕ್ಕೆ ಮೊದಲು ನೆನಪಾಗೋದು ಕರೆಂಟು. "ಸೊಂಟಕ್ಕೆ ಹತ್ತು ದಿನ ಕರೆಂಟ್ ಕೊಡಿಸ್ಕೊಂಡೆ, ಏನೂ ಆಗ್ಲಿಲ್ಲ" ಅಂತಾರೆ ಒಬ್ಬರು. "ಕರೆಂಟ್ ಕೊಡಿಸ್ಕೊಂಡೆ, ವಾಸಿ ಆಯ್ತು" ಅಂತಾರೆ ಇನ್ನೊಬ್ಬರು. ಇಬ್ಬರಿಗೂ ಕೇಳಬೇಕಾದ ಪ್ರಶ್ನೆ ಒಂದೇ. ಕೊಡೋಕೆ ಮುಂಚೆ ಏನನ್ನ ಅಳೆದ್ರು? ಕೊಟ್ಟ ಮೇಲೆ ಅದೇ ಅಳತೆ ಎಷ್ಟು ಬಂತು? ಉತ್ತರ ಸಾಮಾನ್ಯವಾಗಿ ಇರೋದಿಲ್ಲ. "ಅಳತೆನಾ? ಮಲಗಿಸಿ ಪಟ್ಟಿ ಕಟ್ಟಿದ್ರು" ಅಂತಾರೆ.

ಕಬ್ಬು ಬೆಳೆಯೋರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಗೆ ಹೋದ ಗಾಡಿಯನ್ನ ತುಂಬಿದ್ದಾಗ ಒಂದು ಸಲ ತೂಗ್ತಾರೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನ ಇನ್ನೊಂದು ಸಲ ತೂಗ್ತಾರೆ. ಒಂದೇ ತೂಕ ಹಾಕಿ ಚೀಟಿ ಕೊಟ್ರೆ ಯಾವ ರೈತ ಸುಮ್ಮನಿರ್ತಾನೆ? ಅದೇ ರೈತ ತನ್ನ ಸೊಂಟದ ವಿಷಯಕ್ಕೆ ಒಂದೂ ತೂಕ ಇಲ್ಲದೆ ಎರಡು ವಾರ ದುಡ್ಡು ಕಟ್ಟಿ ಬರ್ತಾನೆ. ಚಿಕಿತ್ಸೆಗೆ ಮುಂಚೆ ಒಂದು ಅಳತೆ, ಚಿಕಿತ್ಸೆ ಆದ ಮೇಲೆ ಅದೇ ಅಳತೆ. ಇವತ್ತು ನಾನು ಹೇಳೋದು ಇಷ್ಟೇ. ಇದನ್ನೇ ಬೇರೆ ಬೇರೆ ಥರ ಹೇಳ್ತಾ ಹೋಗ್ತೀನಿ.

ಪಾಂಡವಪುರದ ಕಡೆ ಕಬ್ಬು ಕಡಿಯೋ ಒಬ್ಬರು, 45 ವಯಸ್ಸು ಅಂತ ಇಟ್ಕೊಳ್ಳಿ. ಸೊಂಟ ಹಿಡಿದು ತಿಂಗಳಾಗಿದೆ, ನೋವು ಬಲಗಾಲಿಗೆ ಇಳಿದಿದೆ. ಇವರು ಬಂದು ಕೂತ ಮೇಲೆ ಫಿಸಿಯೋಥೆರಪಿಸ್ಟ್ ಮಂಚ ತೋರಿಸೋಕೆ ಮುಂಚೆ ತೀರ್ಮಾನ ಮಾಡಬೇಕಾದ್ದು ಒಂದಿದೆ. ಇದು ನಾನು ನೋಡೋ ನೋವಾ, ಇವತ್ತೇ ಡಾಕ್ಟರ ಹತ್ತಿರ ಕಳಿಸಬೇಕಾದ ನೋವಾ? ಅದಕ್ಕೆ ಮುಖ್ಯವಾಗಿ ನಾಲ್ಕು ಪ್ರಶ್ನೆ. ಮೂತ್ರ ಕಟ್ಟಿದೆಯಾ, ಇಲ್ಲ ಗೊತ್ತಾಗದೆ ಹೋಗುತ್ತಾ? ಸೈಕಲ್ ಸೀಟಿನ ಮೇಲೆ ಕೂತಾಗ ತಾಗೋ ಜಾಗ ಮರಗಟ್ಟಿದೆಯಾ? ಎರಡೂ ಕಾಲು ಸೋಲ್ತಾ ಇದೆಯಾ? ಸಂಜೆ ಹೊತ್ತು ಜ್ವರ, ತೂಕ ಇಳಿಯೋದು, ಮಲಗಿದ್ರೂ ಬಿಡದ ರಾತ್ರಿ ನೋವು ಇದೆಯಾ?

ಮೊದಲ ಮೂರರಲ್ಲಿ ಒಂದಕ್ಕೆ ಹೌದು ಅಂದ್ರೂ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿರಬಹುದು. ಅಲ್ಲಿ ಲೆಕ್ಕ ಗಂಟೆಗಳಲ್ಲಿ, ವಾರಗಳಲ್ಲಿ ಅಲ್ಲ. ಮಂಡ್ಯದವರು ಮಿಮ್ಸ್‌ಗೋ, ಮೈಸೂರಿನವರು ಕೆ.ಆರ್. ಆಸ್ಪತ್ರೆಗೋ, ಯಾವುದು ಹತ್ತಿರವೋ ಅಲ್ಲಿಯ ತುರ್ತು ವಿಭಾಗಕ್ಕೆ ಅವತ್ತೇ ಹೋಗಬೇಕು. ತಡ ಮಾಡಿದ್ರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು. ನಾಲ್ಕನೇದಕ್ಕೆ ಹೌದು ಅಂದ್ರೆ ಬೆನ್ನುಮೂಳೆಯ ಕ್ಷಯ ಮನಸ್ಸಿಗೆ ಬರಬೇಕು. ನಮ್ಮ ದೇಶದಲ್ಲಿ ಅದು ಅಪರೂಪ ಅಲ್ಲ. ಕ್ಷಯ ಹಿಡಿದ ಮೂಳೆಯನ್ನ ಟ್ರ್ಯಾಕ್ಷನ್ ಹಾಕಿ ಎಳೆದ್ರೆ ಏನಾಗುತ್ತೆ ಅಂತ ನೀವೇ ಊಹಿಸಿ.

ನಮ್ಮ ಕಬ್ಬಿನವರಿಗೆ ಇದ್ಯಾವುದೂ ಇಲ್ಲ. ಈಗ ಅಳತೆ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು? ಏಳು. ಎಲ್ಲಿಯವರೆಗೆ ಇಳಿದಿದೆ? ಮೀನಖಂಡದವರೆಗೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಬಲಗಾಲು ಎತ್ತಿದ್ರೆ ಎಷ್ಟು ಏರುತ್ತೆ? 40 ಡಿಗ್ರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಎತ್ತಿದಾಗ ತೊಡೆಯ ಹಿಂದೆ ಬರೀ ಬಿಗಿತ ಬಂದ್ರೆ ಅದು ಮಾಂಸಖಂಡದ್ದು. ಮಂಡಿ ಕೆಳಗೂ ಅದೇ ಹಳೇ ನೋವು ಹರಿದ್ರೆ, ಪಾದವನ್ನ ಮುಖದ ಕಡೆ ಬಗ್ಗಿಸಿದಾಗ ಇನ್ನೂ ಜಾಸ್ತಿ ಆದ್ರೆ ಅದು ನರದ್ದು. ಆಮೇಲೆ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ, ಹೆಬ್ಬೆರಳನ್ನ ಮೇಲಕ್ಕೆತ್ತಿಸಿ ಅದನ್ನ ಕೆಳಕ್ಕೆ ಒತ್ತಿ ನೋಡಬೇಕು. ಹೆಬ್ಬೆರಳು ಸೋತ್ರೆ ಸೊಂಟದ ಐದನೇ ನರ, ತುದಿಗಾಲು ಸೋತ್ರೆ ಅದರ ಕೆಳಗಿನದು. ಇಷ್ಟಕ್ಕೆ ಯಾವ ಮಿಷನ್ನೂ ಬೇಡ, ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೊಡೋಕೆ ನಮ್ಮ ವೃತ್ತಿಯವರಿಗೇ ಯಾಕೆ ಇಷ್ಟು ಜಿಪುಣತನವೋ!

ಇದಕ್ಕೊಂದು ಕಥೆ ಇದೆ. ಎಷ್ಟು ಸಲ ಹೇಳಿದ್ರೂ ನನಗೆ ಬೇಸರ ಬರಲ್ಲ, ಸ್ವಲ್ಪ ಉದ್ದ ಆದ್ರೆ ಸಹಿಸಿಕೊಳ್ಳಿ. 1956ನೇ ಇಸವಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಊರು. ರಾಬಿನ್ ಮೆಕೆಂಜಿ ಅಂತ ಒಬ್ಬರು ಫಿಸಿಯೋಥೆರಪಿಸ್ಟ್. ಅವರ ಹತ್ತಿರ ಬರ್ತಿದ್ದ ಒಬ್ಬ ರೋಗಿಯನ್ನ ನಮ್ಮ ಪಾಠಗಳಲ್ಲೆಲ್ಲ ಸ್ಮಿತ್ ಅಂತಲೇ ಕರೀತಾರೆ. ನಮ್ಮ ಕಬ್ಬಿನವರ ಥರವೇ ಸೊಂಟದಿಂದ ಕಾಲಿಗೆ ಇಳಿದ ನೋವು. ಮುಂದಕ್ಕೆ ಬಗ್ಗೋಕೆ ಆಗ್ತಿತ್ತು, ಹಿಂದಕ್ಕೆ ವಾಲೋಕೆ ಆಗ್ತಿರಲಿಲ್ಲ. ಆ ಕಾಲದಲ್ಲಿ ಎಲ್ಲರಿಗೂ ಕೊಡ್ತಿದ್ದ ಚಿಕಿತ್ಸೆಯನ್ನ ಮೂರು ವಾರ ಕೊಟ್ಟಿದ್ರು. ಕೂದಲೆಳೆಯಷ್ಟೂ ಬದಲಾವಣೆ ಇಲ್ಲ.

ಒಂದು ದಿನ ಸ್ಮಿತ್ ಬಂದಾಗ, ಒಳಗೆ ಹೋಗಿ ಬೋರಲಾಗಿ ಮಲಗಿರಿ ಅಂದ್ರು ಮೆಕೆಂಜಿ. ಮುಂಚೆ ಬಂದಿದ್ದ ಬೇರೆ ಯಾರಿಗೋ ಅಂತ ಆ ಮಂಚದ ತಲೆಯ ಭಾಗವನ್ನ ಎತ್ತಿ ನಿಲ್ಲಿಸಿತ್ತು. ಸ್ಮಿತ್‌ಗೆ ಅದೇನು ಗೊತ್ತು? ಹಾಗೇ ಅದರ ಮೇಲೆ ಬೋರಲು ಮಲಗಿಬಿಟ್ರು. ಎದೆ ಮೇಲೆ, ಹೊಟ್ಟೆ ಕೆಳಗೆ, ಸೊಂಟ ಹಿಂದಕ್ಕೆ ಬಾಗಿ ಬಿಲ್ಲಿನ ಥರ. ಇಂಥ ನೋವಿಗೆ ಸೊಂಟವನ್ನ ಹಿಂದಕ್ಕೆ ಬಗ್ಗಿಸೋದು ಅಪಾಯ ಅಂತ ಆಗ ಎಲ್ಲರೂ ನಂಬಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡಿದ ಮೆಕೆಂಜಿಗೆ ಗಾಬರಿ. ಹೇಗಿದ್ದೀರಿ ಅಂತ ಕೇಳಿದ್ರೆ ಸ್ಮಿತ್ ಹೇಳಿದ್ದು, ಮೂರು ವಾರದಲ್ಲಿ ಇಷ್ಟು ಹಾಯಾಗಿ ಇದ್ದದ್ದೇ ಇಲ್ಲ ಅಂತ! ಕಾಲಿನ ನೋವು ಪೂರ್ತಿ ಹೋಗಿತ್ತು. ಉಳಿದಿದ್ದ ನೋವು ಸೊಂಟದ ನಡುಮಧ್ಯಕ್ಕೆ ಬಂದು ನಿಂತಿತ್ತು.

ಈ ಕಥೆ ಹೇಳಿ ಅದೃಷ್ಟ ಅಂತ ನಗೋರೇ ಜಾಸ್ತಿ. ಮಂಚ ಎತ್ತಿದ್ದದ್ದು ಅದೃಷ್ಟ, ಒಪ್ತೀನಿ. ಆಮೇಲೆ ಮಾಡಿದ್ದು ಅದೃಷ್ಟ ಅಲ್ಲ. ನೋವು ಈಗ ಎಲ್ಲಿದೆ ಅಂತ ಕೇಳಿದ್ರು, ಹಿಂದಕ್ಕೆ ವಾಲಿಸಿ ನೋಡಿದ್ರು. ಮುಂಚೆ ಆಗದೇ ಇದ್ದದ್ದು ಈಗ ಆಗ್ತಿದೆ. ಮಾರನೇ ದಿನ ಬೇಕೂಂತಲೇ ಅದೇ ಥರ ಮಲಗಿಸಿ ಮತ್ತೆ ನೋಡಿದ್ರು, ಉಳಿದದ್ದೂ ಹೋಯ್ತು. ಮುಂಚೆ ಹಿಂದಕ್ಕೆ ಎಷ್ಟು ಬಾಗ್ತಿದ್ರು ಅನ್ನೋದು ಗೊತ್ತಿಲ್ಲದೇ ಇದ್ದಿದ್ರೆ ಬದಲಾದದ್ದು ಏನು ಅಂತ ಹೇಳೋಕೆ ಆಗ್ತಿತ್ತಾ?

ಅಲ್ಲಿಂದ ನಾವೆಲ್ಲ ಕಲಿತದ್ದು ಇದು. ಕಾಲಿನ ನೋವು ಮೇಲಕ್ಕೆ ಏರಿ ಸೊಂಟದ ನಡುವಿಗೆ ಬಂದ್ರೆ ಅದು ಒಳ್ಳೇ ಗುರುತು, ಸೊಂಟದ ನೋವು ಆಗ ಸ್ವಲ್ಪ ಜಾಸ್ತಿ ಆದ್ರೂ ಸರಿ. ರೋಗಿಗಳು ಎಡವೋದು ಇಲ್ಲೇ. "ವ್ಯಾಯಾಮ ಮಾಡಿ ಸೊಂಟ ಇನ್ನೂ ಹಿಡ್ಕೊಂತು" ಅಂತ ಬಿಟ್ಟುಬಿಡ್ತಾರೆ, ಕಾಲು ಹಗುರ ಆಗಿದ್ದನ್ನ ಯಾರೂ ಕೇಳಿರೋದಿಲ್ಲ. ಮಂಡಿವರೆಗಿದ್ದ ನೋವು ಪಾದಕ್ಕೆ ಇಳಿದ್ರೆ ಮಾತ್ರ ಅವತ್ತೇ ನಿಲ್ಲಿಸಿ, ವ್ಯಾಯಾಮ ಹೇಳಿಕೊಟ್ಟವರಿಗೆ ತಿಳಿಸಿ.

ಕಬ್ಬಿನವರ ಹತ್ತಿರ ವಾಪಸ್ ಬರೋಣ. ಬೋರಲು ಮಲಗಿಸಿ, ಅಂಗೈ ಊರಿ ಎದೆ ಎತ್ತೋದನ್ನ ಹತ್ತು ಸಲ ಮಾಡಿಸೋದು, ಸೊಂಟ ಮಂಚಕ್ಕೆ ಅಂಟಿಕೊಂಡೇ ಇರಬೇಕು. ತಕ್ಷಣ ಕಾಲು ಎತ್ತಿ ನೋಡೋದು. 40 ಇದ್ದದ್ದು 55ಕ್ಕೆ ಏರಿ, ನೋವು ಮೀನಖಂಡ ಬಿಟ್ಟು ತೊಡೆಗೆ ಬಂದಿದ್ರೆ ದಾರಿ ಸರಿ ಇದೆ. ಮನೆಯಲ್ಲಿ ಎರಡು ಮೂರು ಗಂಟೆಗೊಮ್ಮೆ ಹತ್ತು ಹತ್ತು ಸಲ ಮಾಡಬೇಕು. ಬೆಳಗ್ಗೆ ಎದ್ದ ಮೊದಲ ಒಂದು ಗಂಟೆ ಬಗ್ಗಬಾರದು, ರಾತ್ರಿಯೆಲ್ಲ ಮಲಗಿದಾಗ ಡಿಸ್ಕ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ನೀರು ಹೀರಿ ಉಬ್ಬಿರುತ್ತೆ. ಕೊಟ್ಟಿಗೆ ಬಾಚೋದು, ಹಾಲು ಕರೆಯೋದು ಆ ಹೊತ್ತಿಗೇ ಬರುತ್ತೆ ಅಂತ ಗೊತ್ತು. ಅಷ್ಟು ದಿನ ಮನೆಯಲ್ಲಿ ಬೇರೆಯವರು ಮಾಡಲಿ.

ಹತ್ತು ಸಲ ಮಾಡಿಸಿದ ಮೇಲೂ ಅಳತೆ ಕದಲದಿದ್ರೆ? ಬೇರೆ ದಿಕ್ಕಿಗೆ ಮಾಡಿಸಿ ನೋಡಬೇಕು. ಐದಾರು ಸಲ ಬಂದು ಹೋದ ಮೇಲೂ ಕದಲದಿದ್ರೆ ಊಹೆಯೇ ತಪ್ಪು ಅಂತ ಅರ್ಥ, ಮೊದಲಿಂದ ಪರೀಕ್ಷೆ ಮಾಡಬೇಕು ಇಲ್ಲ ಡಾಕ್ಟರ ಹತ್ತಿರ ಕಳಿಸಬೇಕು. ಹೆಬ್ಬೆರಳಿನ ಬಲ ಕುಗ್ತಾ ಹೋದ್ರೆ ಐದಾರು ಸಲ ಅಂತಲೂ ಕಾಯಬಾರದು.

ಹಾಗಂತ ಸೊಂಟ ನೋವಿಗೆಲ್ಲ ಇದೇ ಮದ್ದು ಅಲ್ಲ. ಮೈಸೂರು ಯೋಗದ ಊರು, ಪಾರ್ಕಿಗೆ ಹೋದ್ರೆ ಸೊಂಟ ಅಂದವರಿಗೆಲ್ಲ ಭುಜಂಗಾಸನ ಹೇಳಿಕೊಡೋರು ಸಿಗ್ತಾರೆ. 65 ದಾಟಿದ ಒಬ್ಬರಿಗೆ ಎರಡು ಫರ್ಲಾಂಗ್ ನಡೆಯೋವಷ್ಟರಲ್ಲಿ ಎರಡೂ ಕಾಲು ಭಾರ ಆಗಿ ಜುಮ್ಮು ಹಿಡಿಯುತ್ತೆ, ಕಟ್ಟೆ ಮೇಲೆ ಮುಂದಕ್ಕೆ ಬಗ್ಗಿ ಕೂತ್ರೆ ಇಳಿಯುತ್ತೆ ಅನ್ನಿ. ಅವರಲ್ಲಿ ನರ ಹೋಗೋ ದಾರಿಯೇ ಕಿರಿದಾಗಿರುತ್ತೆ. ಹಿಂದಕ್ಕೆ ಬಗ್ಗಿಸಿದ್ರೆ ಇನ್ನೂ ಕಿರಿದಾಗುತ್ತೆ. ಅವರ ಅಳತೆ ಬೇರೆ: ನಿಲ್ಲದೆ ಎಷ್ಟು ನಿಮಿಷ ನಡೀತಾರೆ ಅನ್ನೋದು. ನೋವಿನ ಹೆಸರು ಎರಡಕ್ಕೂ ಸೊಂಟ ನೋವೇ, ಚಿಕಿತ್ಸೆ ಮಾತ್ರ ಉಲ್ಟಾ.

ಎಂ.ಆರ್.ಐ. ಬಗ್ಗೆ ಒಂದೇ ಮಾತು. ಯಾವ ನೋವೂ ಇಲ್ಲದ 20 ವಯಸ್ಸಿನವರಲ್ಲೇ ನೂರಕ್ಕೆ ಸುಮಾರು 30 ಜನಕ್ಕೆ ಡಿಸ್ಕ್ ಉಬ್ಬಿರುತ್ತೆ, 80 ವಯಸ್ಸಿಗೆ ನೂರಕ್ಕೆ 84 ಜನಕ್ಕೆ. ಫಿಲ್ಮನ್ನ ಬೆಳಕಿಗೆ ಹಿಡಿದು ಚಿಕಿತ್ಸೆ ಬರೆಯೋದಲ್ಲ, ಕಾಲನ್ನ ಎತ್ತಿ ನೋಡಿ ಬರೀಬೇಕು.

ಸ್ಮಿತ್ ಕಥೆ ಅರ್ಧ ಹೊತ್ತು ತಿಂದುಬಿಡ್ತು, ಉಳಿದದ್ದನ್ನ ಓಡಿಸ್ತೀನಿ.

ಶಾಖ. ಸಕ್ಕರೆ ಕಾಯಿಲೆ ಇರೋರ ಪಾದಕ್ಕೆ ಶಾಖ ಕೊಡೋಕೆ ಮುಂಚೆ ಕಣ್ಣು ಮುಚ್ಚಿಸಿ, ಎರಡು ಗಾಜಿನ ಕೊಳವೆ ಮುಟ್ಟಿಸಬೇಕು. ಒಂದರಲ್ಲಿ ಬೆಚ್ಚಗಿನ ನೀರು, ಒಂದರಲ್ಲಿ ತಣ್ಣೀರು. ಯಾವುದು ಬಿಸಿ ಅಂತ ಹೇಳೋಕೆ ಆಗದಿದ್ರೆ ಶಾಖ ಬೇಡ. ಸುಟ್ಟು ಗುಳ್ಳೆ ಎದ್ರೂ ಅವರಿಗೆ ಗೊತ್ತಾಗಲ್ಲ, ಆಮೇಲೆ ಆ ಗಾಯ ಮಾಯೋದು ಕಷ್ಟ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಫಿಸಿಯೋಥೆರಪಿಸ್ಟ್ ಕೇಳೋವರೆಗೂ ಕಾಯಬೇಡಿ, ಯಾವ ಮಿಷನ್ ಹಚ್ಚೋಕೂ ಮುಂಚೆ ನೀವೇ ಹೇಳಿ.

ಮೀನಖಂಡ. ಚಪ್ಪೆ ಮೂಳೆ ಮುರಿದು ಆಪರೇಷನ್ ಆದವರು, ಹಾಸಿಗೆ ಹಿಡಿದವರು, ಇವರ ಒಂದೇ ಕಾಲು ಊದಿ ನೋಯ್ತಾ ಇದ್ರೆ ದಯವಿಟ್ಟು ಎಣ್ಣೆ ಹಚ್ಚಿ ನೀವಬೇಡಿ. ದರ್ಜಿ ಟೇಪು ತನ್ನಿ. ಮಂಡಿ ಚಿಪ್ಪಿನ ಕೆಳಗೆ ಒಂದು ಮೂಳೆ ಉಬ್ಬು ಕೈಗೆ ಸಿಗುತ್ತೆ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ರಕ್ತ ಹೆಪ್ಪುಗಟ್ಟಿರೋ ಅನುಮಾನ ಬಲವಾಗುತ್ತೆ. ನೀವಿದ್ರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ವ್ಯತ್ಯಾಸ ಕಡಿಮೆ ಬಂತು ಅಂತಲೂ ಸುಮ್ಮನಾಗಬೇಡಿ, ಹೊಸದಾಗಿ ಊದಿದ ಕಾಲನ್ನ ಅವತ್ತೇ ಡಾಕ್ಟರಿಗೆ ತೋರಿಸಿ.

ಮಂಡಿ ಸವೆತ. ತೊಡೆಯ ಬಲದ ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದೇ ಬರುತ್ತೆ. ಮಾರನೇ ದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ರೆ ಮುಂದುವರಿಸಿ. ಇಳಿಯದಿದ್ರೆ ಎಣಿಕೆ ಅರ್ಧ ಮಾಡಿ, ಪೂರ್ತಿ ಬಿಡಬೇಡಿ.

ಮನೆಯಲ್ಲಿ ವಯಸ್ಸಾದವರಿದ್ರೆ ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿ, 3 ಮೀಟರ್ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಕುರ್ಚಿಯಿಂದ ಎದ್ದು, ಅವರ ಮಾಮೂಲು ನಡಿಗೆಯಲ್ಲೇ ಗೆರೆ ಮುಟ್ಟಿ, ತಿರುಗಿ ಬಂದು ಕೂರಲಿ. ಬಿದ್ದುಗಿದ್ದಾರು, ಪಕ್ಕದಲ್ಲೇ ಒಬ್ಬರಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಬೀಳೋ ಸಂಭವ ಇದೆ ಅಂತ ಲೆಕ್ಕ, ಬಿದ್ದು ಮೂಳೆ ಮುರಿಯೋಕೆ ಮುಂಚೆಯೇ ಕರ್ಕೊಂಡು ಹೋಗಿ ತೋರಿಸಿ. ಊರುಗೋಲು ಇದ್ರೆ ಊರುಗೋಲಿನ ಜೊತೆಗೇ ನಡೆಸಿ. ಎಷ್ಟು ಸೆಕೆಂಡ್ ಬಂತು ಅಂತ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೇ ಬರೆದಿಡಿ, ತಿಂಗಳಾದ ಮೇಲೆ ಅದೇ ಕುರ್ಚಿ, ಅದೇ ಗೆರೆ.

ಭುಜದ ವಿಷಯ ಪೂರ್ತಿ ಉಳಿದುಹೋಯ್ತು. ಸಕ್ಕರೆ ಕಾಯಿಲೆ ಇರೋರು ಇಷ್ಟು ನೋಡಿಕೊಳ್ಳಿ. ಎರಡೂ ಮೊಣಕೈಯನ್ನ ಪಕ್ಕೆಗೆ ಒತ್ತಿಕೊಂಡು ಮುಂಗೈಗಳನ್ನ ಹೊರಕ್ಕೆ ತಿರುಗಿಸಿ. ಒಂದು ಕೈ ಇನ್ನೊಂದರ ಅರ್ಧದಷ್ಟೂ ಹೋಗದಿದ್ರೆ, ಭುಜ ಪೂರ್ತಿ ಬಿಗಿಯೋವರೆಗೂ ಕಾಯಬೇಡಿ, ಬೇಗ ಹೋಗಿ ತೋರಿಸಿ. ಹೋಗುವಾಗ ಸಕ್ಕರೆಯ ರಿಪೋರ್ಟೂ ಕೈಯಲ್ಲಿರಲಿ. ನಮಸ್ಕಾರ.