ಪ್ರೀತಿಯಿಂದ ಓದುವವಳ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಮೊದಲು ಒಂದು ಅಂಗಡಿಯ ವಿಷಯ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಪುಸ್ತಕದಂಗಡಿಯಲ್ಲಿ ಎರಡು ಕಾಮಿಕ್ಸ್ ಆರಿಸಿಕೊಂಡು ಬಿಲ್ ಹಾಕಿಸಲು ನಿಂತಿದ್ದೆ. ಕೌಂಟರಿನಲ್ಲಿದ್ದವರು "ಮಗನಿಗಾ ಮೇಡಂ?" ಎಂದರು. "ಇಲ್ಲ, ನನಗೇ" ಎಂದೆ. ಪಕ್ಕದಲ್ಲಿದ್ದ ಹುಡುಗ ತಟ್ಟನೆ ತಿರುಗಿ ನೋಡಿದ. "ಹೌದಾ? ಹಾಗಾದ್ರೆ ಹೇಳಿ, ಕೈಲ್ ರೇನರ್‌ಗಿಂತ ಮುಂಚೆ ಗ್ರೀನ್ ಲ್ಯಾಂಟರ್ನ್ ಯಾರು?" ಹಾಲ್ ಜೋರ್ಡಾನ್ ಎಂದೆ. "ಅವನಿಗಿಂತ ಮುಂಚೆ?" ಆಲನ್ ಸ್ಕಾಟ್ ಎಂದೆ. (ಗ್ರೀನ್ ಲ್ಯಾಂಟರ್ನ್ ಅಂದರೆ ಒಂದು ಉಂಗುರದಿಂದ ಶಕ್ತಿ ಪಡೆಯುವ ಸೂಪರ್‌ಹೀರೋ. ಆ ಹೆಸರನ್ನು ಬೇರೆ ಬೇರೆಯವರು ಹೊತ್ತಿದ್ದಾರೆ.) ಮೂರನೇ ಪ್ರಶ್ನೆಗೆ ಅವನು ಬಾಯಿ ತೆರೆಯುವಷ್ಟರಲ್ಲಿ ದುಡ್ಡು ಕೊಟ್ಟು ಹೊರಗೆ ಬಂದೆ. ಉತ್ತರ ಗೊತ್ತಿಲ್ಲ ಅಂತಲ್ಲ. ಅದೇ ಕಪಾಟಿನ ಮುಂದೆ ಇನ್ನೂ ಮೂರು ಜನ ಹುಡುಗರು ನಿಂತಿದ್ದರು. ಅವರಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಹೆಂಗಸರ ಓದುಗುಂಪಿನಲ್ಲಿ ಕೂತಿದ್ದೆ. ನಾನು ತುಂಬಾ ಗೌರವಿಸುವ ಅಕ್ಕ ಒಬ್ಬರು ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿದರು. "ಇದೆಲ್ಲ ಯಾಕೆ ಮಾರಾಯ್ತಿ ನಿಂಗೆ? ಇದರಲ್ಲಿ ಹೆಂಗಸರನ್ನ ಹೇಗೆ ತೋರಿಸ್ತಾರೆ ಅಂತ ಗೊತ್ತಿಲ್ವಾ?" ಎಂದು ಕೇಳಿದರು.

ಗೊತ್ತು. ಓದಿದ್ದರಿಂದಲೇ ಗೊತ್ತು.

ಅಂಗಡಿಯ ಹುಡುಗನಿಗೆ ನಾನು ನಕಲಿ ಅಭಿಮಾನಿ. ಅಕ್ಕನ ಕಣ್ಣಿಗೆ ಅರ್ಧ ಫೆಮಿನಿಸ್ಟ್. ಇಬ್ಬರೂ ಒಂದೇ ಮಾತು ನಂಬಿದ್ದಾರೆ: ಇವೆರಡೂ ಒಬ್ಬಳೊಳಗೆ ಒಟ್ಟಿಗೆ ಇರುವುದಿಲ್ಲ, ಒಂದನ್ನು ಬಿಟ್ಟರೇನೇ ಇನ್ನೊಂದು ಅಂತ. ನನ್ನ ಅನುಭವ ಬೇರೆ. ಕಾಮಿಕ್ಸ್ ಲೋಕಕ್ಕೆ ಕೇಳಲೇಬೇಕಾಗಿದ್ದ ಪ್ರಶ್ನೆಗಳನ್ನು ಎಷ್ಟೋ ಸಲ ಕೇಳಿದವರು ಅದನ್ನು ಹಚ್ಚಿಕೊಂಡು ಓದಿದ ಹೆಂಗಸರೇ. ಇವತ್ತು ಅವರ ಬಗ್ಗೆ ಮಾತಾಡುತ್ತೇನೆ.

ಆ ಹುಡುಗ ಕೈಲ್ ರೇನರ್ ಹೆಸರು ತೆಗೆದ ಅಲ್ವಾ? ಅಲ್ಲಿಂದಲೇ ಶುರು ಮಾಡೋಣ. 1994ರಲ್ಲಿ ಕೈಲ್ ಹೊಸ ಗ್ರೀನ್ ಲ್ಯಾಂಟರ್ನ್ ಆದ. ಅವನಿಗೊಬ್ಬ ಗೆಳತಿ, ಅಲೆಕ್ಸಾಂಡ್ರಾ ಡೆವಿಟ್. ಫೋಟೋ ತೆಗೆಯುವುದು ಅವಳ ಕೆಲಸ. ಬೆರಳಿಗೆ ಉಂಗುರ ಬಂದಿದೆ, ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಕೈಲ್‌ಗೆ ತಿಳಿಯದಿದ್ದಾಗ ಜೊತೆಗೆ ನಿಂತು ತಯಾರು ಮಾಡಿದವಳು ಅವಳು. ಅದೇ ವರ್ಷದ 54ನೇ ಸಂಚಿಕೆಯಲ್ಲಿ ಕೈಲ್ ಮನೆಗೆ ಬರುತ್ತಾನೆ. ಒಂದು ಚೀಟಿ ಸಿಗುತ್ತದೆ. ಫ್ರಿಜ್ ತೆಗೆಯುತ್ತಾನೆ. ಒಳಗೆ ಅವಳ ಹೆಣ. ಖಳ ಅವಳನ್ನು ಕೊಂದು ಅಲ್ಲಿ ತುರುಕಿದ್ದಾನೆ.

ನಾನು ಆ ಪುಟ ನೋಡಿದ್ದು ತುಂಬಾ ತಡವಾಗಿ, ಹಳೇ ಸಂಚಿಕೆಯೊಂದರಲ್ಲಿ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕಥೆಯಲ್ಲಿ ಸಾವು ಬರಲಿ, ಅದು ತಪ್ಪಲ್ಲ. ಆದರೆ ಅವಳ ಸಾವು ಅವಳದ್ದಾಗಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು, ಅದಕ್ಕೆ ಅವಳು ಸತ್ತಳು.

1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗರು ಒಂದು ಪಟ್ಟಿ ಮಾಡಿದರು. ಕಾಮಿಕ್ಸ್‌ನಲ್ಲಿ ಕೊಲೆಯಾದ, ಅತ್ಯಾಚಾರಕ್ಕೊಳಗಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಹೆಣ್ಣು ಪಾತ್ರಗಳ ಪಟ್ಟಿ. ಅದಕ್ಕೆ 'ಫ್ರಿಜ್‌ಗಳಲ್ಲಿ ಹೆಂಗಸರು' ಎಂಬ ಅರ್ಥದ ಹೆಸರಿಟ್ಟು ಅಂತರ್ಜಾಲಕ್ಕೆ ಹಾಕಿದರು. ಬೇರೆ ಓದುಗರೂ ಹೆಸರು ಸೇರಿಸಿದರು, ಪಟ್ಟಿ ಬೆಳೆಯುತ್ತಲೇ ಹೋಯಿತು. ಸಿಮೋನ್ ಕಾಮಿಕ್ಸ್ ಬರೆಯುವವರನ್ನೇ ಸಂಪರ್ಕಿಸಿ ಅಭಿಪ್ರಾಯ ಕೇಳಿದರು, ಬಂದ ಉತ್ತರಗಳನ್ನೂ ಪ್ರಕಟಿಸಿದರು. ಸಿಮೋನ್ ಆಗ ಕಾಮಿಕ್ಸ್ ಬರಹಗಾರ್ತಿ ಅಲ್ಲ. ಹೇರ್ ಡ್ರೆಸ್ಸರ್ ಆಗಿದ್ದವರು.

ಅಂಥ ಪಟ್ಟಿ ಮಾಡಲು ಎಷ್ಟು ಓದಿರಬೇಕು, ಯೋಚಿಸಿ. ದ್ವೇಷ ಇರುವವರು ಅಷ್ಟು ಓದುವುದಿಲ್ಲ. ಮುಂದೆ ಅದೇ ಸಿಮೋನ್ 2003ರಿಂದ ಹೆಣ್ಣು ಹೀರೋಗಳ ತಂಡದ ಕಥೆಯಾದ 'ಬರ್ಡ್ಸ್ ಆಫ್ ಪ್ರೇ' ಬರೆದರು, ಆಮೇಲೆ ವಂಡರ್ ವುಮನ್ ಕಥೆಗಳನ್ನೂ ಬರೆದರು. ಪ್ರಶ್ನೆ ಕೇಳಿದವರೇ ಒಳಗೆ ಹೋಗಿ ಕೆಲಸಕ್ಕೆ ಕೂತರು.

"ಗಂಡು ಪಾತ್ರಗಳೂ ಸಾಯ್ತಾರಲ್ಲ?" ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಸಾಯುತ್ತಾರೆ, ನಿಜ. ಆದರೆ ಎದ್ದು ಬರುವುದು ಯಾರು ಅಂತಲೂ ನೋಡಬೇಕು. 1988ರ ಒಂದು ಕಥೆಯಲ್ಲಿ ಬಾಗಿಲು ಬಡಿದ ಸದ್ದಾಗುತ್ತದೆ. ಬಾರ್ಬರಾ ಗೋರ್ಡಾನ್, ಅಂದರೆ ಬ್ಯಾಟ್‌ಗರ್ಲ್ ಆಗಿದ್ದವಳು, ಹೋಗಿ ತೆಗೆಯುತ್ತಾಳೆ. ಎದುರಿಗೆ ಜೋಕರ್. ಗುಂಡು ಹಾರಿಸುತ್ತಾನೆ, ಬೆನ್ನುಹುರಿಗೆ ಪೆಟ್ಟಾಗುತ್ತದೆ. ಅಲ್ಲಿಂದ ಮುಂದೆ ಆ ಕಥೆ ಅವಳ ಅಪ್ಪನದ್ದು, ಬ್ಯಾಟ್‌ಮನ್‌ನದ್ದು, ಜೋಕರ್‌ನದ್ದು. ಅವಳದ್ದಲ್ಲ. 1993ರಲ್ಲಿ ಬೇನ್ ಎಂಬ ಖಳ ಬ್ಯಾಟ್‌ಮನ್‌ನ ಬೆನ್ನೆಲುಬನ್ನೂ ಮುರಿದ. ಮರುವರ್ಷವೇ ಬ್ಯಾಟ್‌ಮನ್ ಮೊದಲಿನ ಹಾಗೆ ಎದ್ದು ನಿಂತ. ಬಾರ್ಬರಾ ಗಾಲಿಕುರ್ಚಿಯಲ್ಲಿ ಇದ್ದದ್ದು 2011ರವರೆಗೆ. ಇಬ್ಬರೂ ಒಂದೇ ಊರಿನವರು, ಅದೇ ಗಾಥಮ್.

ಇಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಕಿಮ್ ಯೇಲ್ ಮತ್ತು ಅವರ ಗಂಡ ಜಾನ್ ಆಸ್ಟ್ರಾಂಡರ್ ಬರಹಗಾರರು. ಬಾರ್ಬರಾಳನ್ನು ಹಾಗೆ ಮೂಲೆಗೆ ತಳ್ಳಿದ್ದು ಅವರಿಗೆ ಸರಿ ಕಾಣಲಿಲ್ಲ. 1989ರಲ್ಲಿ ಅವಳನ್ನು ಆರಕಲ್ ಎಂಬ ಹೆಸರಿನಲ್ಲಿ ಮತ್ತೆ ತಂದರು. ಗಾಲಿಕುರ್ಚಿಯಲ್ಲಿ ಕೂತು, ಕಂಪ್ಯೂಟರ್ ಮುಂದೆ, ಇಡೀ ಸೂಪರ್‌ಹೀರೋ ಲೋಕಕ್ಕೆ ಬೇಕಾದ ಮಾಹಿತಿ ಹುಡುಕಿ ಕೊಡುವವಳು. ಕಡೆಗೆ ಬ್ಯಾಟ್‌ಮನ್ ಕೂಡ ಅವಳನ್ನು ಕೇಳಬೇಕಾಯಿತು. 2011ರಲ್ಲಿ ಅವಳು ಮತ್ತೆ ನಡೆಯುವ ಬ್ಯಾಟ್‌ಗರ್ಲ್ ಆದಾಗ ಬರೆದವರು ಗೇಲ್ ಸಿಮೋನ್. ಅಂಗವಿಕಲ ಓದುಗರಲ್ಲಿ ಅನೇಕರಿಗೆ ನೋವಾಯಿತು. ತಮ್ಮ ಹಾಗಿದ್ದ ಒಬ್ಬ ನಾಯಕಿಯನ್ನು ಕಳೆದುಕೊಂಡೆವು ಎಂದರು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ, ಸಿಮೋನ್ ಬಗ್ಗೆ ಎಷ್ಟೇ ಅಭಿಮಾನ ಇದ್ದರೂ.

ಅದೇ 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಯುವ ಕಾಮಿಕ್ಸ್ ಮೇಳ ಕಾಮಿಕ್-ಕಾನ್‌ಗೆ ಒಬ್ಬ ಅಭಿಮಾನಿ ಬ್ಯಾಟ್‌ಗರ್ಲ್ ವೇಷದಲ್ಲಿ ಬಂದಿದ್ದರು. ಬ್ಯಾಟ್‌ಮನ್, ವಂಡರ್ ವುಮನ್ ಕಥೆಗಳನ್ನು ಪ್ರಕಟಿಸುವ ಡಿಸಿ ಕಂಪನಿ ತನ್ನ ಎಲ್ಲ ಕಥೆಗಳನ್ನೂ ಹೊಸದಾಗಿ ಶುರು ಮಾಡುವ ಹೊತ್ತು ಅದು. ಹೊಸ ತಂಡದಲ್ಲಿ ಬರೆಯುವ, ಬಿಡಿಸುವ ಹೆಂಗಸರು ಬೆರಳೆಣಿಕೆಯಷ್ಟು. ಈ ಅಭಿಮಾನಿ ಒಂದು ಗೋಷ್ಠಿ ಆದ ಮೇಲೆ ಇನ್ನೊಂದಕ್ಕೆ ಹೋಗಿ, ಮೈಕ್ ಮುಂದೆ ನಿಂತು, ಹೆಂಗಸರೇಕೆ ಇಷ್ಟು ಕಮ್ಮಿ ಎಂದು ಕೇಳಿದರು. ಸಭೆಯಲ್ಲಿ ಕೆಲವರು ಅವರನ್ನೇ ಕೂಗಿ ಅಣಕಿಸಿದರು. ಮರುದಿನವೂ ಬಂದು ಕೇಳಿದರು. ಜುಲೈ ಮುಗಿಯುವ ಮೊದಲೇ ಕಂಪನಿ, ನಿಮ್ಮ ಮಾತು ಕೇಳಿಸಿದೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಆ ವೇಷ ಹೊಲಿಸಿಕೊಂಡು, ಮುಖವಾಡ ಹಾಕಿಕೊಂಡು, ಕೂಗಾಟದ ನಡುವೆ ಸಾಲಿನಲ್ಲಿ ಕಾದು ನಿಲ್ಲುವುದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಈಗ ವಂಡರ್ ವುಮನ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಕ್ಷಮಿಸಿ, ಇವಳು ನನಗೆ ಮನೆಯವಳ ಹಾಗೆ.

1941ರಲ್ಲಿ ಇವಳನ್ನು ಸೃಷ್ಟಿಸಿದ್ದು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಃಶಾಸ್ತ್ರಜ್ಞ. ಚಿತ್ರ ಬಿಡಿಸಿದ್ದು ಎಚ್. ಜಿ. ಪೀಟರ್. ಇವಳ ಕೈಯಲ್ಲಿ ಗುಂಡು ತಡೆಯುವ ಅಗಲವಾದ ಕಡಗಗಳಿವೆ ನೋಡಿ, ಅವು ಆಲಿವ್ ಬರ್ನ್ ಎಂಬುವರ ಕೈಕಡಗಗಳಿಂದ ಬಂದವು. ಮಾರ್ಸ್ಟನ್ ಮತ್ತು ಅವರ ಹೆಂಡತಿ ಎಲಿಜಬೆತ್ ಜೊತೆ ಒಂದೇ ಮನೆಯಲ್ಲಿದ್ದವರು ಈ ಆಲಿವ್. ಗರ್ಭನಿರೋಧದ ಹಕ್ಕಿಗಾಗಿ ಹೋರಾಡಿದ ಮಾರ್ಗರೆಟ್ ಸ್ಯಾಂಗರ್ ಆಲಿವ್‌ಗೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕು. ಅಂದರೆ ಹೆಂಗಸರ ಹೋರಾಟ ಈ ಕಥೆಯೊಳಗೆ ಆಮೇಲೆ ಯಾರೋ ತಂದು ತುರುಕಿದ್ದಲ್ಲ. ಮೊದಲ ದಿನದಿಂದ ಆ ಕೈಯಲ್ಲೇ ಇತ್ತು.

1944ರಲ್ಲಿ ಜಾಯ್ ಹಮ್ಮಲ್ ಎಂಬ 20ರ ಆಸುಪಾಸಿನ ಹುಡುಗಿ ಮಾರ್ಸ್ಟನ್ ಬಳಿ ಸಹಾಯಕಿಯಾಗಿ ಸೇರಿದರು. ಆಮೇಲೆ ಅವರೇ ಕಥೆ ಬರೆಯತೊಡಗಿದರು. ಅಚ್ಚಾಗುತ್ತಿದ್ದದ್ದು ಮಾತ್ರ ಚಾರ್ಲ್ಸ್ ಮೌಲ್ಟನ್ ಎಂಬ ಗಂಡಸಿನ ಹೆಸರು. 2018ರಲ್ಲಿ, 94ನೇ ವಯಸ್ಸಿನಲ್ಲಿ, ಅವರಿಗೆ ಬಿಲ್ ಫಿಂಗರ್ ಪ್ರಶಸ್ತಿ ಬಂತು. ಕಾಮಿಕ್ಸ್ ಬರೆದೂ ತಕ್ಕ ಮನ್ನಣೆ ಸಿಗದವರಿಗೆ ಕೊಡುವ ಪ್ರಶಸ್ತಿ ಅದು. "ಹೆಂಗಸರಿಗೆ ಕಾಮಿಕ್ಸ್ ಮೇಲೆ ಈಗೀಗ ಆಸಕ್ತಿ ಬಂದಿದೆ" ಎಂದು ಯಾರಾದರೂ ಹೇಳಿದಾಗ ನನಗೆ ಹಮ್ಮಲ್ ಅವರ ಟೈಪ್‌ರೈಟರ್ ನೆನಪಾಗುತ್ತದೆ.

ಮಾರ್ಸ್ಟನ್ 1947ರಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆಯೇ, 1942ರಲ್ಲಿ, ಜಸ್ಟಿಸ್ ಸೊಸೈಟಿ ಎಂಬ ಹೀರೋಗಳ ಸಂಘಕ್ಕೆ ವಂಡರ್ ವುಮನ್ ಸೇರಿದಾಗ ಅವಳಿಗೆ ಕೊಟ್ಟ ಹುದ್ದೆ ಸೆಕ್ರೆಟರಿ. ಗಂಡಸರು ಯುದ್ಧಕ್ಕೆ, ಅವಳು ಕಚೇರಿ ಕೆಲಸಕ್ಕೆ. 1968ರಲ್ಲಿ ಅವಳ ಶಕ್ತಿಯನ್ನೇ ತೆಗೆದುಬಿಟ್ಟರು. ಸತ್ಯ ಹೇಳಿಸುವ ಅವಳ ಹಗ್ಗ ಇಲ್ಲ, ಕಡಗ ಇಲ್ಲ, ಬಟ್ಟೆ ಅಂಗಡಿ ಇಟ್ಟಳು. ಆಗ ಸಿಟ್ಟಾದವರಲ್ಲಿ ಅಮೆರಿಕದ ಫೆಮಿನಿಸ್ಟ್ ಪತ್ರಕರ್ತೆ ಗ್ಲೋರಿಯಾ ಸ್ಟೈನಮ್ ಒಬ್ಬರು. ಚಿಕ್ಕಂದಿನಲ್ಲಿ ಇವಳ ಕಥೆ ಓದಿ ಬೆಳೆದವರು. 1972ರ ಜುಲೈನಲ್ಲಿ ತಾವು ಕಟ್ಟಿದ 'ಮಿಸ್' ಪತ್ರಿಕೆಯ ಮುಖಪುಟಕ್ಕೆ ವಂಡರ್ ವುಮನ್‌ಳನ್ನೇ ತಂದರು. ಬೀದಿಗಿಂತ, ಮನೆಗಳಿಗಿಂತ ಎತ್ತರಕ್ಕೆ ಬೆಳೆದು ಅವಳು ದಾಪುಗಾಲು ಹಾಕುತ್ತಿದ್ದಾಳೆ, ಒಂದು ಕಡೆ ಅಮೆರಿಕದ ಪೇಟೆ, ಇನ್ನೊಂದು ಕಡೆ ಯುದ್ಧ. ಅವಳನ್ನೇ ಅಧ್ಯಕ್ಷೆ ಮಾಡಿ ಎಂಬ ಸಾಲು. 1973ರಲ್ಲಿ ಅವಳ ಶಕ್ತಿ ಅವಳಿಗೆ ವಾಪಸ್ ಬಂತು.

ಇನ್ನು ನನಗೆ ಕಷ್ಟವಾದ ಭಾಗ. 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತು. ನನಗೆ ಹಬ್ಬದ ಹಾಗಿತ್ತು. ಆದರೆ ಆ ಸಮಾರಂಭದಲ್ಲೇ ವಿಶ್ವಸಂಸ್ಥೆಯ ಕೆಲ ಸಿಬ್ಬಂದಿ ಬೆನ್ನು ತಿರುಗಿಸಿ ನಿಂತರು. ತುಂಡು ಬಟ್ಟೆಯ, ಎಲ್ಲೂ ಇರಲಾರದಂಥ ಮೈಕಟ್ಟಿನ ಬಿಳಿ ಹೆಂಗಸು ಜಗತ್ತಿನ ಹುಡುಗಿಯರನ್ನು ಪ್ರತಿನಿಧಿಸುವುದು ಹೇಗೆ ಎಂದು ಮನವಿ ಬರೆದು ಸಹಿ ಸಂಗ್ರಹಿಸಿದರು. ಅದೇ ತಿಂಗಳು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸ್ಥಾನಕ್ಕೆ ಹಲವು ಹೆಂಗಸರು ಸ್ಪರ್ಧೆಯಲ್ಲಿದ್ದರೂ ಮತ್ತೊಬ್ಬ ಗಂಡಸನ್ನೇ ಆರಿಸಿದ್ದರು. ಡಿಸೆಂಬರ್‌ನಲ್ಲಿ ಆ ರಾಯಭಾರ ಮುಗಿಯಿತು.

ನಾನು ಆ ಮನವಿಯನ್ನು ಎರಡು ಸಲ ಓದಿದೆ. ಮೊದಲ ಸಲ ಅಳು ಬಂತು, ಮನೆಯವಳನ್ನು ಯಾರೋ ಬೈದ ಹಾಗೆ. ಎರಡನೇ ಸಲ ಓದಿದಾಗ ಅವರ ಸಿಟ್ಟು ಅರ್ಥವಾಯಿತು. ನಿಜವಾದ ಹೆಂಗಸಿಗೆ ಕುರ್ಚಿ ಕೊಡದೆ ಚಿತ್ರದ ಹೆಂಗಸಿಗೆ ಹಾರ ಹಾಕಿದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಆ ಸಿಬ್ಬಂದಿಯ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಆಮೇಲೆ ಮನೆಗೆ ಬಂದು ಅವಳ ಕಥೆಯನ್ನೇ ಓದುತ್ತಿದ್ದೆ. ಓದುಗುಂಪಿನ ಆ ಅಕ್ಕನಿಗೆ ಇದನ್ನು ಹೀಗೇ ಹೇಳಿದೆ. ಅವರು ಏನೂ ಹೇಳದೆ ಕೈ ಚಾಚಿದರು. ಪುಸ್ತಕ ಕೊಟ್ಟೆ.

ಕೊಟ್ಟ ಪುಸ್ತಕ ವಂಡರ್ ವುಮನ್ ಅಲ್ಲ, 'ಮಿಸ್ ಮಾರ್ವೆಲ್'. 2014ರಲ್ಲಿ ಶುರುವಾದದ್ದು. ಬರೆದವರು ಜಿ. ವಿಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್, ಚಿತ್ರ ಏಡ್ರಿಯನ್ ಅಲ್ಫೋನಾ. 2015ರಲ್ಲಿ ಅದರ ಮೊದಲ ಸಂಪುಟಕ್ಕೆ ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಇದರ ನಾಯಕಿ ಕಮಲಾ ಖಾನ್, ಅಮೆರಿಕದ ಜರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಹುಡುಗಿ, ವಯಸ್ಸು 16. ಮುಖ್ಯ ವಿಷಯ ಏನಂದ್ರೆ, ಕಮಲಾ ಸ್ವತಃ ಅಭಿಮಾನಿ. ಅವೆಂಜರ್ಸ್ ಎಂಬ ಸೂಪರ್‌ಹೀರೋಗಳ ತಂಡದ ಬಗ್ಗೆ ತಾನೇ ಕಥೆ ಕಟ್ಟಿ ಬರೆಯುವವಳು.

ಒಂದು ರಾತ್ರಿ ಅವಳಿಗೆ ಶಕ್ತಿ ಸಿಗುತ್ತದೆ, ಬೇಕಾದ ರೂಪ ತಾಳುವ ಶಕ್ತಿ. ಮೊದಲು ಅವಳು ಆಗುವುದು ತನ್ನ ಆರಾಧ್ಯ ನಾಯಕಿ, ಹಿಂದೆ ಮಿಸ್ ಮಾರ್ವೆಲ್ ಎನಿಸಿಕೊಂಡಿದ್ದ ಕ್ಯಾರಲ್ ಡ್ಯಾನ್ವರ್ಸ್. ಹೊಂಬಣ್ಣದ ಕೂದಲು, ತೊಡೆಯವರೆಗಿನ ಬೂಟು, ಈಜುಡುಗೆಯಂಥ ಹಳೇ ಉಡುಪು. ಎಷ್ಟು ದಿನದ ಆಸೆ ಅದು! ಆದರೆ ಕೂದಲು ಮುಖಕ್ಕೆ ಬೀಳುತ್ತದೆ, ಬಟ್ಟೆ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ, ಖುಷಿಯಾಗುವ ಬದಲು ಕಸಿವಿಸಿ. ಮುಂದೆ ಅವಳು ತನ್ನದೇ ಮೈಯಲ್ಲಿ, ಮೈ ಮುಚ್ಚುವ ಈಜುಡುಗೆಯಾದ ತನ್ನ ಬುರ್ಕಿನಿಯನ್ನೇ ತಿದ್ದಿ ಮಾಡಿಕೊಂಡ ಉಡುಪಿನಲ್ಲಿ ಹೊರಗೆ ಬರುತ್ತಾಳೆ. ಎದೆಯ ಮೇಲೆ ಮಿಂಚಿನ ಗುರುತು. ಕ್ಯಾರಲ್ ಮೇಲಿನ ಪ್ರೀತಿ ಎಳ್ಳಷ್ಟೂ ಕಮ್ಮಿಯಾಗಿರುವುದಿಲ್ಲ, ಹೆಸರನ್ನೂ ಅವಳಿಂದಲೇ ತೆಗೆದುಕೊಂಡಿರುತ್ತಾಳೆ.

ಅಕ್ಕ ಒಂದು ವಾರ ಬಿಟ್ಟು ಫೋನ್ ಮಾಡಿದರು. "ಆ ಹುಡುಗಿಯ ಅಮ್ಮ ನಮ್ಮಮ್ಮನ ಹಾಗೇ ಬೈತಾಳೆ ಕಣೇ" ಎಂದರು. ಆಮೇಲೆ, "ಎರಡನೇ ಭಾಗ ಇದೆಯಾ?" ಎಂದರು.

'ಮಿಸ್ ಮಾರ್ವೆಲ್'ನ ಆ ಮೊದಲ ಸಂಪುಟ ಇವತ್ತು ತಂದಿದ್ದೇನೆ, ಜೊತೆಗೆ ಒಂದು ಹಳೆಯ ವಂಡರ್ ವುಮನ್ ಸಂಕಲನ. ಮುಂದಿನ ಸಾಲಿನಿಂದ ಕೊಡುತ್ತೇನೆ, ಹಿಂದಿನವರೆಗೂ ಹೋಗಲಿ. ಕಮಲಾ ಆ ಬೂಟು ತೊಟ್ಟ ಪುಟಕ್ಕೆ ಹಳದಿ ಚೀಟಿ ಅಂಟಿಸಿದ್ದೇನೆ. ನೋಡ್ತಾ ಇರಿ, ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.