ಒಬ್ಬನೇ ದೊರೆ, ಹಲವು ಮುಖ: ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಗಳ ರೂಪ

ಎಲ್ಲರಿಗೂ ನಮಸ್ಕಾರ.

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಯ ಕೆಲಸಕ್ಕೆ ನೆಲ ಅಗೆಯುತ್ತಿದ್ದಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ದೊಡ್ಡ ಪಾಲು ಎರಡು ಬಗೆಯದು. ಒಂದರ ಮೇಲೆ ಮೊದಲ ರೋಮನ್ ಚಕ್ರವರ್ತಿ ಅಗಸ್ಟಸ್‌ನ ತಲೆ, ಹಿಂಬದಿಯಲ್ಲಿ ಗುರಾಣಿ ಮತ್ತು ಈಟಿಗಳ ಜೊತೆ ನಿಂತ ಅವನ ಮೊಮ್ಮಕ್ಕಳಾದ ಗೈಯಸ್, ಲೂಸಿಯಸ್. ಇನ್ನೊಂದರ ಮೇಲೆ ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ನ ತಲೆ, ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಹೆಂಗಸು.

ಮೊದಲನೆಯದನ್ನು ಪರದೆಯ ಮೇಲೆ ನೋಡಿ. ಕೆನ್ನೆ ನುಣುಪಾಗಿದೆ, ಗದ್ದ ಚೂಪಾಗಿದೆ, ಕತ್ತಿನಲ್ಲಿ ಒಂದು ಗೆರೆಯೂ ಇಲ್ಲ. ನೋಡಿದವರು ಇಪ್ಪತ್ತೈದು, ಮೂವತ್ತು ವರ್ಷದವನು ಎನ್ನುತ್ತಾರೆ. ಈ ಬಗೆಯ ನಾಣ್ಯವನ್ನು ಇಂದಿನ ಫ್ರಾನ್ಸಿನ ಲಿಯಾನ್, ಅಂದಿನ ಲುಗ್ಡುನಂ ಟಂಕಸಾಲೆಯಲ್ಲಿ ಕ್ರಿ.ಪೂ. 2ರಿಂದ ಹೊರಡಿಸಿದರು. ಆಗ ಅಗಸ್ಟಸ್‌ಗೆ ಅರವತ್ತು ದಾಟಿತ್ತು. ಎಪ್ಪತ್ತಾರು ತುಂಬಲು ಕೆಲವೇ ವಾರಗಳಿರುವಾಗ, ಕ್ರಿ.ಶ. 14ರಲ್ಲಿ ಅವನು ತೀರಿಕೊಂಡ. ಅಷ್ಟು ಕಾಲ ಆಳಿದವನು ಒಂದು ನಾಣ್ಯದಲ್ಲೂ ಮುದುಕನಾಗಲಿಲ್ಲ. ಟೈಬೀರಿಯಸ್ ಪಟ್ಟಕ್ಕೆ ಬಂದಾಗ ಐವತ್ತನಾಲ್ಕು, ಸತ್ತಾಗ ಎಪ್ಪತ್ತೇಳು. ಅವನ ಮುಖವೂ ಹಾಗೆಯೇ.

ಆದ್ದರಿಂದ ನಾಣ್ಯದ ಮುಖ ನೋಡಿ ವಯಸ್ಸು ಹೇಳುವ ಆತುರ ಬೇಡ, ಸ್ವಭಾವವನ್ನಂತೂ ಹೇಳಲೇಬೇಡಿ ಎಂಬುದು ಇಂದಿನ ನನ್ನ ಮಾತು. ಮುಖ ಬದಲಾದರೆ ಅದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ. ಅರಮನೆ ಹಾಗೆ ಬೇಕೆಂದಿರಬಹುದು, ಕೆತ್ತುವವನು ದೊರೆಯನ್ನು ಕಂಡೇ ಇರಲಿಕ್ಕಿಲ್ಲ, ಟಂಕಸಾಲೆ ಬೇರೆಯಿರಬಹುದು, ಅಥವಾ ಬೆಳ್ಳಿ ಸವೆದಿರಬಹುದು. ಯಾವ ಕಾರಣ ಎಂದು ಬೇರ್ಪಡಿಸಿದ ಮೇಲೆಯೇ ಮುಖದ ಬಗ್ಗೆ ಮಾತು.

ಮೊದಲು ಕೆಲಸ ನಡೆಯುತ್ತಿದ್ದ ರೀತಿ. ಕಂಚು ಅಥವಾ ಕಬ್ಬಿಣದ ಅಚ್ಚಿನಲ್ಲಿ ಮುಖವನ್ನು ತಗ್ಗಾಗಿ, ಎಡಬಲ ತಿರುಗಿಸಿ ಕೆತ್ತಬೇಕು. ನಾಣ್ಯದಲ್ಲಿ ದೊರೆ ಬಲಕ್ಕೆ ನೋಡಬೇಕಾದರೆ ಅಚ್ಚಿನಲ್ಲಿ ಎಡಕ್ಕೆ ನೋಡುತ್ತಿರಬೇಕು. ಅಚ್ಚಿನಲ್ಲಿ ಅತಿ ಆಳವಾಗಿ ಕೊರೆದ ಜಾಗವೇ ನಾಣ್ಯದಲ್ಲಿ ಅತಿ ಎತ್ತರದ ಜಾಗ, ಅಂದರೆ ಕೆನ್ನೆ ಮತ್ತು ಕಿವಿಯ ಮೇಲಿನ ಕೂದಲು. ಮುಖದ ಅಚ್ಚನ್ನು ಸಾಮಾನ್ಯವಾಗಿ ಕೆಳಗೆ ಅಡೆಗಲ್ಲಿನಲ್ಲಿ ಕೂರಿಸುತ್ತಿದ್ದರು. ಲೋಹದ ಬಿಲ್ಲೆಯನ್ನು ಅದರ ಮೇಲಿಟ್ಟು, ಹಿಂಬದಿಯ ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಒಡೆಯುತ್ತದೆ, ಕೆಳಗಿನದು ಹೆಚ್ಚು ಬಾಳುತ್ತದೆ. ಅದೂ ಒಂದು ದಿನ ಸೀಳುತ್ತದೆ, ಆಗ ಇನ್ನೊಂದನ್ನು ಮತ್ತೆ ಕೈಯಿಂದಲೇ ಕೆತ್ತಬೇಕು. ಬೆಳ್ಳಿ ನಾಣ್ಯವಾದ ದಿನಾರಿಯಸ್‌ನ ಅಗಲ ಸುಮಾರು 18 ಮಿಲಿಮೀಟರ್. ಅದರಲ್ಲಿ ಸುತ್ತಲಿನ ಬರಹ ಕಳೆದು ಮುಖಕ್ಕೆ ಉಳಿಯುವುದು ಕಿರುಬೆರಳ ಉಗುರಿನಷ್ಟು ಜಾಗ. ಅಲ್ಲಿ ಕೂದಲೆಳೆಯಷ್ಟು ಉಳಿ ಜಾರಿದರೂ ಮೂಗು ಗಿಣಿಮೂಗಾಗುತ್ತದೆ. ಎರಡು ಅಚ್ಚಿನ ಮುಖಗಳು ಒಂದೇ ಆಗಿರಲು ಸಾಧ್ಯವೇ ಇಲ್ಲ. ಈ ಸಣ್ಣ ಏರುಪೇರನ್ನು ಯಾವಾಗಲೂ ಕಳೆದು ನೋಡಬೇಕು.

ಇನ್ನು ನೀರೋ. ಬದಲಾವಣೆಯನ್ನು ಹೆಜ್ಜೆಹೆಜ್ಜೆಗೂ ತೋರಿಸಬಲ್ಲ ದೊರೆ ಇವನೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕ್ರಿ.ಶ. 54ರ ಅಕ್ಟೋಬರ್‌ನಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಹದಿನಾರು ವರ್ಷ. ಆ ವರ್ಷದ ಚಿನ್ನ, ಬೆಳ್ಳಿಯ ನಾಣ್ಯದಲ್ಲಿ ಅವನು ಒಬ್ಬನೇ ಇಲ್ಲ. ತಾಯಿ ಅಗ್ರಿಪಿನಾ ಎದುರುಬದುರಾಗಿ ಇದ್ದಾಳೆ. ಮುಖಗಳ ಸುತ್ತ ಇರುವ ಬಿರುದುಗಳು ಅವಳವು, ಮಗನ ಹೆಸರು ಹಿಂಬದಿಗೆ ಹೋಗಿದೆ. ಮರುವರ್ಷವೇ ಜಾಗ ಅದಲುಬದಲು. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾರೆ, ಮಗ ಮುಂದೆ, ತಾಯಿ ಅವನ ಹಿಂದೆ ಅರ್ಧ ಮರೆಯಾಗಿ. ಮುಂಬದಿಯ ಬರಹ ಈಗ ನೀರೋನದು. ಅದಾದ ಮೇಲೆ ರೋಮ್‌ನ ನಾಣ್ಯಗಳಲ್ಲಿ ಅಗ್ರಿಪಿನಾ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ.

ಈ ಮೊದಲ ವರ್ಷಗಳ ನೀರೋನ ಹಣೆಯ ಮೇಲೆ ಕೂದಲು ನೇರವಾಗಿ ಬಾಚಿ ಬಿಟ್ಟದ್ದು, ಅವನ ಕುಲದ ಹಿರಿಯರ ಹಾಗೆಯೇ. ತಲೆ ಬರಿದು. ವರ್ಷ ಕಳೆದಂತೆ ಕೆನ್ನೆ ತುಂಬುತ್ತದೆ, ಕತ್ತು ದಪ್ಪವಾಗುತ್ತದೆ. 64ರ ಸುಮಾರಿಗೆ ಚಿನ್ನ, ಬೆಳ್ಳಿಯ ನಾಣ್ಯದಲ್ಲಿ ತಲೆಗೆ ಲಾರೆಲ್ ಎಲೆಯ ಮಾಲೆ ಬರುತ್ತದೆ, ಹಣೆಯ ಮೇಲೆ ಸುರುಳಿಗಳ ಒತ್ತಾದ ಸಾಲು ಏಳುತ್ತದೆ. ಅವನು ಕೂದಲನ್ನು ಸಾಲುಸಾಲಾಗಿ ಕೂರಿಸಿಕೊಳ್ಳುತ್ತಿದ್ದ ಎಂದು ರೋಮನ್ ಚರಿತ್ರೆಕಾರ ಸುಯಟೋನಿಯಸ್ ಬರೆದಿದ್ದಾನೆ. ನಾಣ್ಯ ಅದನ್ನು ಹಾಗೆಯೇ ತೋರಿಸುತ್ತದೆ. ಕೊನೆಯ ವರ್ಷಗಳಲ್ಲಿ ಗದ್ದದ ಕೆಳಗೆ ಕೊಬ್ಬಿನ ಮಡಿಕೆ, ಒಳಗೆ ಹೂತ ಸಣ್ಣ ಕಣ್ಣು. 68ರಲ್ಲಿ ಸತ್ತಾಗ ಅವನಿಗೆ ಮೂವತ್ತು.

ಇದನ್ನು ದುಷ್ಟತನ ಮುಖಕ್ಕೆ ಬಂದದ್ದು ಎಂದು ಓದುವುದು ಹಳೆಯ ಚಾಳಿ. ಆದರೆ ಈ ನಾಣ್ಯಗಳು ಹೊರಟದ್ದು ನೀರೋನ ಹೆಸರಿನಲ್ಲಿ, ಅವನ ಅಧಿಕಾರದಲ್ಲಿ. ಅಣಕಿಸುವ ಕೆತ್ತನೆಗಾರ ಅಲ್ಲಿ ಉಳಿಯುತ್ತಿರಲಿಲ್ಲ. ಈಜಿಪ್ಟಿನ ಟಾಲೆಮಿ ದೊರೆಗಳು ತುಂಬಿದ ಮೈಯನ್ನು ಸಮೃದ್ಧಿಯ ಗುರುತಾಗಿ ನಾಣ್ಯದಲ್ಲಿ ತೋರಿಸಿದ್ದರು. ನೀರೋನೂ ಆ ರೂಪವನ್ನು ತಾನೇ ಬಯಸಿದ ಎಂಬ ವಾದವೇ ನನಗೆ ಸರಿ ಕಾಣುತ್ತದೆ. ಇದೇ 64ರ ಸುಧಾರಣೆಯಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84ರ ಬದಲು 96 ದಿನಾರಿಯಸ್ ಹೊಡೆಯತೊಡಗಿದರು. ಮುಖ ದಪ್ಪವಾದ ಕಾಲಕ್ಕೇ ನಾಣ್ಯ ಹಗುರವಾಯಿತು. ನೀರೋನ ಹಿತ್ತಾಳೆ, ತಾಮ್ರದ ನಾಣ್ಯಗಳನ್ನು ನೋಡುವಾಗ ಕತ್ತಿನ ಕೆಳತುದಿಯನ್ನು ಗಮನಿಸಿ. ಅಲ್ಲಿ ಸಣ್ಣ ಗುಂಡು ಇದ್ದರೆ ಅದು ಲುಗ್ಡುನಂನದು, ಇಲ್ಲದಿದ್ದರೆ ರೋಮ್‌ನದು. ಗುಂಡಿನದನ್ನೂ ಗುಂಡಿಲ್ಲದ್ದನ್ನೂ ಅಕ್ಕಪಕ್ಕ ಇಟ್ಟು "ದೊರೆ ಬದಲಾಗಿದ್ದಾನೆ" ಎಂದರೆ, ಬದಲಾದದ್ದು ಊರು ಮಾತ್ರ.

69ರಲ್ಲಿ ಒಂದೇ ವರ್ಷಕ್ಕೆ ನಾಲ್ವರು ದೊರೆಗಳು. ಆಥೋ ಮೂರೇ ತಿಂಗಳು ಆಳಿದ. ರೋಮ್‌ನಲ್ಲಿ ಅವನಿಗೆ ಚಿನ್ನ, ಬೆಳ್ಳಿ ಬಿಟ್ಟರೆ ತಾಮ್ರದ ನಾಣ್ಯವೇ ಹೊರಡಲಿಲ್ಲ. ಅವನ ತಲೆಯ ಮೇಲಿನ ಅಚ್ಚುಕಟ್ಟಾದ ಕೂದಲ ಸಾಲು ಕೃತಕ ಕೂದಲಿನದು ಎಂಬುದಕ್ಕೆ ಸುಯಟೋನಿಯಸ್‌ನ ಸಾಕ್ಷಿಯಿದೆ. ಕೊನೆಗೆ ಗೆದ್ದ ವೆಸ್ಪೇಸಿಯನ್ ಬೋಳುತಲೆ, ಸುಕ್ಕುಗಟ್ಟಿದ ಹಣೆ, ಬಿಗಿದ ತುಟಿಗಳೊಂದಿಗೆ ಬರುತ್ತಾನೆ. ಅದು ಕ್ರಿ.ಪೂ. 44ರ ಜೂಲಿಯಸ್ ಸೀಸರನ ನಾಣ್ಯದಲ್ಲಿ ಕಾಣುವ, ಕತ್ತಿನ ಸುಕ್ಕನ್ನು ಮುಚ್ಚಿಡದ ಹಳೆಯ ಗಣರಾಜ್ಯದ ರೀತಿ. ನೀರೋನ ನಂತರ ಬಂದವನಿಗೆ ದುಡಿದ ಸೈನಿಕನ ಮುಖವೇ ಬೇಕಿತ್ತು. ಅಂದರೆ ಸುಕ್ಕು ಕೂಡ ಆಯ್ಕೆಯೇ.

ಇನ್ನೊಂದು ಕಾರಣ ಇದಕ್ಕಿಂತ ಸರಳ: ಹೊಸ ದೊರೆ ಹೇಗಿದ್ದಾನೆಂದು ಟಂಕಸಾಲೆಗೆ ಗೊತ್ತಿರುತ್ತಿರಲಿಲ್ಲ. ನಾಣ್ಯ ಮಾತ್ರ ತಕ್ಷಣ ಬೇಕು, ಏಕೆಂದರೆ ಸೈನ್ಯಕ್ಕೆ ಹೊಸ ಹೆಸರಿನಲ್ಲಿ ಬಹುಮಾನ ಹಂಚಬೇಕು. 98ರಲ್ಲಿ ನರ್ವಾ ಸತ್ತಾಗ ಟ್ರಾಜನ್ ರೈನ್ ನದಿಯ ದಂಡೆಯಲ್ಲಿದ್ದ, ರೋಮ್‌ಗೆ ಬಂದದ್ದು 99ರಲ್ಲಿ. ಅವನ ಮೊದಮೊದಲ ನಾಣ್ಯಗಳಲ್ಲಿ ನರ್ವಾನ ಛಾಯೆ ಎದ್ದು ಕಾಣುತ್ತದೆ.

ಇದರ ಅತಿ ಸ್ಪಷ್ಟ ಉದಾಹರಣೆ ಮ್ಯಾಕ್ಸಿಮಿನಸ್. 235ರಲ್ಲಿ ಸೈನಿಕರು ತರುಣ ಸೆವೆರಸ್ ಅಲೆಗ್ಸಾಂಡರನನ್ನು ಕೊಂದು, ಸೈನ್ಯದಲ್ಲೇ ಬೆಳೆದ ಇವನನ್ನು ಪಟ್ಟಕ್ಕೇರಿಸಿದರು. ಆಳಿದ ಮೂರು ವರ್ಷ ಅವನು ರೋಮ್‌ಗೆ ಕಾಲಿಡಲೇ ಇಲ್ಲ. 235ರ ದಿನಾರಿಯಸ್‌ನಲ್ಲಿ ಹೆಸರು ಮ್ಯಾಕ್ಸಿಮಿನಸ್‌ನದು, ಮುಖ ಹೆಚ್ಚುಕಡಿಮೆ ಅಲೆಗ್ಸಾಂಡರನದು: ನಯವಾದ ಗದ್ದ, ಚಿಕ್ಕ ತಲೆ. ಆಮೇಲೆ ಮಾದರಿ ತಲುಪಿರಬೇಕು, ಗದ್ದ ಮುಂದಕ್ಕೆ ಚಾಚತೊಡಗುತ್ತದೆ. 236ರಿಂದ ಹೆಸರಿನ ಜೊತೆ "ಜರ್ಮನರನ್ನು ಗೆದ್ದವನು" ಎಂಬ ಬಿರುದಿನ ಮೊಟಕು ರೂಪ ಸೇರುತ್ತದೆ. ಆ ಬಿರುದಿರುವ ನಾಣ್ಯಗಳಲ್ಲಿ ಗದ್ದ ಮೂಗಿನಷ್ಟೇ ಮುಂದೆ ಬಂದಿರುತ್ತದೆ, ಹಣೆ ಗಂಟಿಕ್ಕಿರುತ್ತದೆ. ಈ ಗದ್ದ ನೋಡಿ ವೈದ್ಯರು ಮೂಳೆ ಬೆಳೆಯುವ ರೋಗವಿತ್ತೆಂದು ಹೇಳಿದ್ದುಂಟು. ಒಂದು ಚೂಪು ಲಕ್ಷಣ ಸಿಕ್ಕರೆ ಕೆತ್ತನೆಗಾರರು ಗುರುತಿಗೆ ಅದನ್ನೇ ಹಿಗ್ಗಿಸುತ್ತಾರೆ, ಒಬ್ಬನ ಅಚ್ಚನ್ನು ನೋಡಿ ಇನ್ನೊಬ್ಬ ಇನ್ನಷ್ಟು ಹಿಗ್ಗಿಸುತ್ತಾನೆ. ಹದಿನೆಂಟು ಮಿಲಿಮೀಟರ್ ಬೆಳ್ಳಿಯ ಮೇಲೆ ರೋಗ ನಿರ್ಣಯ ಮಾಡುವಾಗ ಇದನ್ನು ಮರೆಯಬಾರದು. ಮಾರುವವರ ಪಟ್ಟಿಯಲ್ಲಿ ಈ ಎರಡು ಮುಖಗಳ ನಾಣ್ಯ ಕಂಡರೆ ಮೊದಲು ಬಿರುದು ಓದಿ. ಕಾಲದ ಅಂದಾಜು ಅಲ್ಲೇ ಸಿಗುತ್ತದೆ.

ಡಯೋಕ್ಲೀಷಿಯನ್‌ನ ಕಾಲಕ್ಕೆ ಲೆಕ್ಕ ತಲೆಕೆಳಗಾಗುತ್ತದೆ. 293ರಿಂದ ನಾಲ್ವರು ಸೇರಿ ಆಳಿದರು. ಸುಮಾರು 294ರಲ್ಲಿ ನಾಣ್ಯವನ್ನು ಹೊಸದಾಗಿ ರೂಪಿಸಿದರು. ಚೌಕ ತಲೆ, ಗಿಡ್ಡ ಗಡ್ಡ, ಕಂಬದಂಥ ಕತ್ತು. ಒಂದೇ ಟಂಕಸಾಲೆಯ ನಾಲ್ವರ ನಾಣ್ಯಗಳ ಬರಹ ಮುಚ್ಚಿದರೆ ಯಾರು ಯಾರೆಂದು ಹೇಳುವುದು ಬಹಳ ಸಲ ಆಗುವುದಿಲ್ಲ. ನಾಲ್ವರೂ ಒಂದೇ ಮನಸ್ಸು ಎಂದು ಸಾರುವುದೇ ಉದ್ದೇಶ. ಆದರೆ ಒಬ್ಬನೇ ದೊರೆಯ ನಾಣ್ಯವನ್ನು ಟ್ರಿಯರ್, ಸಿಸ್ಕಿಯಾ, ಆಂಟಿಯೋಕ್, ಅಲೆಗ್ಸಾಂಡ್ರಿಯಾಗಳಿಂದ ತಂದು ಪಕ್ಕಪಕ್ಕ ಇಟ್ಟರೆ ಮುಖ ಬೇರೆಬೇರೆ. ಇಲ್ಲಿ ವ್ಯತ್ಯಾಸ ಹೇಳುವುದು ಊರನ್ನು. ಹಿಂಬದಿಯ ಚಿತ್ರದ ಕೆಳಗಿನ ಗೆರೆಯಡಿ ಕಾಣುವ ಅಕ್ಷರಗಳು ಟಂಕಸಾಲೆಯ ಗುರುತು. ಈ ಕಾಲದ ನಾಣ್ಯಕ್ಕೆ ಮುಖಕ್ಕಿಂತ ಮೊದಲು ಅಲ್ಲಿಗೆ ಕಣ್ಣು ಹಾಯಿಸಿ. ಮುಂದೆ ಕಾನ್‌ಸ್ಟಂಟೈನ್ ಗಡ್ಡ ತೆಗೆದ, 324ರ ನಂತರ ತಲೆಗೆ ಪಟ್ಟಿಕಟ್ಟಿ ಮೇಲಕ್ಕೆ ನೋಡುವ ಮುಖವೂ ಬಂತು. ಅವನ ವಂಶದ ಜೂಲಿಯನ್ ಸೀಸರ್ ಎಂಬ ಕಿರಿಯ ದೊರೆಯ ಪದವಿಯಲ್ಲಿದ್ದಾಗ ಗಡ್ಡವಿಲ್ಲದೆ ಕಾಣುತ್ತಾನೆ, ಚಕ್ರವರ್ತಿಯಾದ ಮೇಲೆ ತತ್ವಜ್ಞಾನಿಯ ಉದ್ದ ಗಡ್ಡ ಬಿಡುತ್ತಾನೆ.

ತಲೆಯ ಮೇಲಿನದು ಎಷ್ಟೋ ಸಲ ಬೆಲೆಯ ಗುರುತು, ವೇಷವಲ್ಲ. ನೀರೋನ ಕಾಲದಿಂದ ಹಿತ್ತಾಳೆ ನಾಣ್ಯವಾದ ದುಪಾಂಡಿಯಸ್‌ನಲ್ಲಿ ಸೂರ್ಯಕಿರಣದ ಕಿರೀಟ ಬಂತು. ಅದರ ಅರ್ಧ ಬೆಲೆಯ ತಾಮ್ರದ ನಾಣ್ಯದಲ್ಲಿ ಲಾರೆಲ್ ಮಾಲೆ ಅಥವಾ ಬರಿದಲೆ. 215ರಲ್ಲಿ ಕ್ಯಾರಕಲಾ ಹೊರಡಿಸಿದ ದೊಡ್ಡ ಬೆಳ್ಳಿ ನಾಣ್ಯಕ್ಕೂ ಕಿರಣದ ಕಿರೀಟವೇ. ರಾಣಿಯರದಾದರೆ ಭುಜದ ಕೆಳಗೆ ಅರ್ಧಚಂದ್ರ.

ನಮ್ಮಲ್ಲಿ ಸಿಕ್ಕ ನಾಣ್ಯಗಳಿಗೆ ಬೇರೆಯದೇ ತೊಡಕುಗಳಿವೆ. ರೋಮನ್ ನಾಣ್ಯ ನೋಡಿ ಇಲ್ಲೇ ಹೊಡೆದ ಅನುಕರಣೆಗಳಿವೆ. ಅವುಗಳಲ್ಲಿ ಲ್ಯಾಟಿನ್ ಬರಹ ಗೀಟುಗಳ ಸಾಲಾಗಿರುತ್ತದೆ, ಕಣ್ಣು ದೊಡ್ಡದಾಗಿ ಬಾದಾಮಿಯಂತಿರುತ್ತದೆ. ಇದನ್ನು ರೋಮ್‌ನ ಯಾವುದೋ ಅಪರೂಪದ ರೂಪ ಎಂದು ತಿಳಿಯಬಾರದು. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮುಖಕ್ಕೆ ಉಳಿಯಿಂದ ಕಚ್ಚು ಹಾಕಿದ್ದಾರೆ. ಚಲಾವಣೆ ನಿಲ್ಲಿಸಲು ಹೀಗೆ ಮಾಡಿರಬಹುದು ಎಂಬ ಊಹೆಯಿದೆ, ಒಮ್ಮತವಿಲ್ಲ.

ಕೊನೆಗೆ, ಕೈಗೆ ನಾಣ್ಯ ಬಂದಾಗ ಮಾಡಬೇಕಾದ್ದು. ಅಂಚು ಹಿಡಿಯಿರಿ, ಮುಖ ಮುಟ್ಟಬೇಡಿ. ಸವೆತ ಮೊದಲು ತಿನ್ನುವುದು ಎತ್ತರದ ಜಾಗವನ್ನು: ಕಿವಿಯ ಮೇಲಿನ ಕೂದಲು, ಮಾಲೆಯ ಎಲೆ, ಹುಬ್ಬು, ಕೆನ್ನೆಯ ಮೂಳೆ. ಹಾಗಾಗಿ ಸವೆದ ನಾಣ್ಯದ ದೊರೆ ಸದಾ ಸೌಮ್ಯನಾಗಿ, ಎಳೆಯನಾಗಿ ಕಾಣುತ್ತಾನೆ. ಹಣೆ, ಮೂಗು, ತುಟಿ, ಗದ್ದ, ಕತ್ತಿನ ಹೊರಗೆರೆ ಹೆಚ್ಚು ಕಾಲ ಉಳಿಯುತ್ತದೆ, ಅದನ್ನೇ ನಂಬಿ. ಎರಡನೇ ಏಟು ಜರುಗಿ ಬಿದ್ದಿದ್ದರೆ ಈ ಹೊರಗೆರೆಯೂ ಎರಡಾಗಿ, ಇಲ್ಲದ ಜೋಡಿಗದ್ದ ಮೂಡುತ್ತದೆ. ಪಕ್ಕದ ಅಕ್ಷರಗಳೂ ಜೋಡಿಯಾಗಿವೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಫೋಟೋ ತೆಗೆಯುವಾಗ ಬೆಳಕು ಎಡ ಮೇಲ್ಗಡೆಯಿಂದ ಬರಲಿ, ಹೋಲಿಸುವ ಎಲ್ಲ ನಾಣ್ಯಕ್ಕೂ ಒಂದೇ ಕೋನದಿಂದ. ಬೆಳಕು ತೀರಾ ಓರೆಯಾದರೆ ಮೂವತ್ತರ ಮುಖಕ್ಕೂ ಸುಕ್ಕು ಬರುತ್ತದೆ. ದೊಡ್ಡ ಹಿತ್ತಾಳೆ ನಾಣ್ಯಗಳಾದ ಸೆಸ್ಟರ್ಷಿಯಸ್‌ಗಳಲ್ಲಿ ಇನ್ನೊಂದು ಅಪಾಯ: ಸವೆದ ಮುಖವನ್ನು ಈಚಿನವರು ಉಳಿಯಿಂದ ಮತ್ತೆ ಕೆತ್ತಿರುತ್ತಾರೆ. ಕೆನ್ನೆ ಸವೆದು ಕೂದಲು ಮಾತ್ರ ಹೊಸದಾಗಿ ಚೂಪಾಗಿದ್ದರೆ, ಅಕ್ಷರದ ಸುತ್ತ ನೆಲ ತಗ್ಗಾಗಿದ್ದರೆ, ಆ ಮುಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಎರಡು ನಾಣ್ಯ ಒಂದೇ ಅಚ್ಚಿನವೇ ಎಂದು ತಿಳಿಯಲು ಮುಖ ನೋಡಬೇಡಿ. ಫೋಟೋಗಳನ್ನು ಒಂದೇ ಅಳತೆಗೆ ಹಿಗ್ಗಿಸಿ, ಮಾಲೆಯ ತುದಿ ಯಾವ ಅಕ್ಷರದ ಎದುರಿಗಿದೆ, ಹಿಂದಿನ ದಾರದ ಎರಡು ತುದಿಗಳು ಎಲ್ಲಿ ಮುಗಿಯುತ್ತವೆ, ಕತ್ತಿನ ಚೂಪು ಯಾವ ಎರಡು ಅಕ್ಷರಗಳ ನಡುವೆ ಬಂದಿದೆ ಎಂದು ಹೋಲಿಸಿ. ಕೈಯಿಂದ ಕೆತ್ತಿದ ಎರಡು ಅಚ್ಚುಗಳಲ್ಲಿ ಈ ಮೂರೂ ಹೊಂದುವುದು ತೀರಾ ವಿರಳ. ಅಚ್ಚಿನ ಬಿರುಕು ನಾಣ್ಯದಲ್ಲಿ ಉಬ್ಬಿದ ಗೆರೆಯಾಗಿ ಬರುತ್ತದೆ. ಬಿರುಕು ಚಿಕ್ಕದಿರುವುದು ಮೊದಲು ಹೊಡೆದದ್ದು, ಉದ್ದವಾಗಿರುವುದು ನಂತರದ್ದು. ಅಚ್ಚು ಒಂದೇ ಎಂದು ಖಚಿತವಾದರೆ, ಆ ಎರಡು ಮುಖಗಳ ನಡುವೆ ಕಾಣುವ ವ್ಯತ್ಯಾಸ ಏಟಿನದೋ, ಅಚ್ಚು ದಣಿದದ್ದೋ, ಸವೆತದ್ದೋ ಹೊರತು ದೊರೆಯದಲ್ಲ.